ಕಾಫಿ ತೋಟದ ಪಂಪು, ದೇಶದ ಗ್ರಿಡ್ಡು

ಫೆಬ್ರವರಿ ಬಂತೆಂದರೆ ಕೊಡಗಿನ ರೊಬಸ್ಟಾ ತೋಟಗಳಲ್ಲಿ ಕೆರೆ ಪಕ್ಕದ ಮೋಟಾರಿಗೆ ಬಿಡುವಿಲ್ಲ. ಹೂಮಳೆಯನ್ನೇ ನಂಬಿ ಕೂರುವ ಧೈರ್ಯ ಈಗ ಹೆಚ್ಚಿನವರಿಗಿಲ್ಲ. ಸ್ಪ್ರಿಂಕ್ಲರ್ ಹಾಕಿ ಒಂದು ಇಂಚಿಗಿಂತ ಜಾಸ್ತಿ ನೀರು ಕೊಟ್ಟರೆ ಎಂಟು-ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಆ ಹೊತ್ತಿಗೆ ತ್ರೀ ಫೇಸ್ ಕರೆಂಟು ಕೈಕೊಟ್ಟರೆ ಫಸಲಿಗೇ ಪೆಟ್ಟು. ಇಂಥವರ ಹತ್ತಿರ ಹೋಗಿ "ಪಂಪು ಸ್ವಲ್ಪ ನಿಲ್ಲಿಸಿ, ದುಡ್ಡು ಕೊಡುತ್ತೇವೆ" ಅಂದರೆ ಸಿಟ್ಟು ಬರುತ್ತದೆ, ಅಲ್ವಾ? ಆದರೂ ಇದು ಕೇಳಲೇಬೇಕಾದ ಮಾತು.

ವಿದ್ಯುತ್ ಸ್ಥಾವರಗಳನ್ನೂ ನಮ್ಮ ಮನೆ-ತೋಟಗಳನ್ನೂ ಬೆಸೆಯುವ ತಂತಿಗಳ ಜಾಲವೇ ಗ್ರಿಡ್ಡು. ಅದರಲ್ಲಿ ಪ್ರತಿ ಕ್ಷಣವೂ ಎಷ್ಟು ಬಳಕೆಯೋ ಅಷ್ಟೇ ಉತ್ಪಾದನೆ ಇರಬೇಕು. ಅದು ತಪ್ಪಿದರೆ ಫ್ರೀಕ್ವೆನ್ಸಿ, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಆಗುತ್ತದೆಂಬ ಲೆಕ್ಕ, ಅಲುಗುತ್ತದೆ. ನಮ್ಮಲ್ಲಿ ಅದು 50 ಹರ್ಟ್ಸ್, 49.90ರಿಂದ 50.05ರೊಳಗೆ ನಿಲ್ಲಬೇಕು. ಮೂಟೆ ಹೇರಿಕೊಂಡು ಮಡಿಕೇರಿಯ ಏರು ಹತ್ತುವ ಜೀಪು ಸೋತರೆ ಆಕ್ಸಿಲರೇಟರ್ ಒತ್ತಬೇಕು, ಇಲ್ಲವೇ ಎರಡು ಮೂಟೆ ಇಳಿಸಬೇಕು. ನಾವು ಇಷ್ಟು ವರ್ಷ ಆಕ್ಸಿಲರೇಟರನ್ನೇ ನಂಬಿದೆವು. ಜಲವಿದ್ಯುತ್ ಮತ್ತು ಉಷ್ಣ ಸ್ಥಾವರಗಳು ಸ್ವಲ್ಪ ಶಕ್ತಿಯನ್ನು ಮೀಸಲಿಟ್ಟು ಸಿದ್ಧವಾಗಿರುತ್ತವೆ. ಹೀಗೆ ಸಿದ್ಧವಾಗಿರುವುದನ್ನು ಕೊಳ್ಳುವ ಜಾಗವೇ ಮೀಸಲು ಮಾರುಕಟ್ಟೆ. ಮೂಟೆ ಇಳಿಸುವವರಿಗೂ, ಅಂದರೆ ಬೇಕಾದಾಗ ಬಳಕೆ ತಗ್ಗಿಸುವವರಿಗೂ, ಅಲ್ಲಿ ಹಣ ಸಿಗಬೇಕು. ಫಿನ್ಲೆಂಡಿನಂಥ ದೇಶಗಳಲ್ಲಿ ಸಿಗುತ್ತಿದೆ. ನಮ್ಮ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ 2022ರ ನಿಯಮಗಳೂ ಬಳಕೆ ತಗ್ಗಿಸುವವರಿಗೆ ಬಾಗಿಲು ತೆರೆದಿವೆ.

2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ ದಕ್ಷಿಣದ ಗ್ರಿಡ್ಡು ಉಳಿದ ದೇಶದ ಗ್ರಿಡ್ಡಿಗೆ ಸೇರಿತು. ಅಂದಿನಿಂದ ಗುಜರಾತಿನಲ್ಲಿ ದೊಡ್ಡ ಸ್ಥಾವರ ನಿಂತರೆ ಪೊನ್ನಂಪೇಟೆಯ ಪಂಪ್‌ಹೌಸಿನಲ್ಲೂ ಫ್ರೀಕ್ವೆನ್ಸಿ ಇಳಿಯುತ್ತದೆ. ಅದನ್ನು ಅಲ್ಲೇ ಅಳೆದು ಮೋಟಾರು ಆಫ್ ಮಾಡುವ ರಿಲೇಗೆ (ತಾನಾಗಿ ಕೆಲಸ ಮಾಡುವ ಸ್ವಿಚ್ಚಿಗೆ) ಮೊಬೈಲ್ ನೆಟ್‌ವರ್ಕ್ ಕೂಡ ಬೇಡ. ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತುವವರಿಗೆ ಇದು ಸಣ್ಣ ವಿಷಯವಲ್ಲ.

10 ಎಚ್‌ಪಿ ಮೋಟಾರು ಅಂದರೆ ಸುಮಾರು 7.5 ಕಿಲೋವ್ಯಾಟ್. ಅಂಥ 135 ಒಟ್ಟಿಗೆ ನಿಂತರೆ ಒಂದು ಮೆಗಾವ್ಯಾಟ್ ಉಳಿಯಿತು. ಕಾಫಿ ಗಿಡಕ್ಕೆ ಬೇಕಾದದ್ದು ಒಟ್ಟು ನೀರು. ಸ್ಪ್ರಿಂಕ್ಲರಿನ ಜೆಟ್ 15 ನಿಮಿಷ ನಿಂತರೆ, ಪೈಪು ಬದಲಿಸುವ ಮುಂಚೆ 15 ನಿಮಿಷ ಜಾಸ್ತಿ ಓಡಿಸಿದರಾಯಿತು. ಆದರೆ ಮೊಗ್ಗು ಅರ್ಧ ನೆನೆದಿರುವಾಗ ದಿನಗಟ್ಟಲೆ ನಿಲ್ಲಿಸುವ ಹಾಗಿಲ್ಲ.

ಪಂಪಿಗೂ ಮಿತಿಯಿದೆ. ನೇರ ಸ್ಟಾರ್ಟರಿನ ಮೋಟಾರು ಶುರುವಾಗುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಮತ್ತೆ ಮತ್ತೆ ಆನ್-ಆಫ್ ಮಾಡಿದರೆ ಕಾಯಿಲ್ ಸುಡುತ್ತದೆ. ನೂರಾರು ಪಂಪು ಒಂದೇ ಸಲ ಶುರುವಾದರೆ ಅವಕ್ಕೆಲ್ಲ ಕರೆಂಟು ತರುವ ಲೈನಿನ, ಅಂದರೆ ಫೀಡರಿನ, ಗತಿ ಮುಗಿಯಿತು. ಹಾಗಾಗಿ ಕ್ಷಣಕ್ಷಣದ ಏರಿಳಿತ ಸರಿಪಡಿಸುವ ಕೆಲಸ ಬ್ಯಾಟರಿಗಿರಲಿ. ಅಪರೂಪಕ್ಕೆ ಬರುವ ದೊಡ್ಡ ಕೊರತೆಗೆ ಪಂಪು ಸರಿ, ಒಂದೊಂದಾಗಿ ಮತ್ತೆ ಓಡುವಂತೆ ಟೈಮರ್ ಇಟ್ಟುಕೊಂಡು. ಮಳೆಗಾಲದಲ್ಲಿ ಪಂಪು ಸುಮ್ನೆ ನಿಂತಿರುತ್ತದೆ. ಆಗ ಹೋಂಸ್ಟೇಗಳ ಗೀಸರುಗಳಿವೆ. ಕಾದ ನೀರು ಅರ್ಧ ಗಂಟೆಯಲ್ಲಿ ಆರುವುದಿಲ್ಲ.

ಇದನ್ನು ಲೋಡ್ ಶೆಡ್ಡಿಂಗಿನ ಜೊತೆ ಗಂಟು ಹಾಕಬಾರದು. ಅಲ್ಲಿ ಯಾರೂ ನಮ್ಮನ್ನು ಕೇಳುವುದಿಲ್ಲ, ಕಾಸೂ ಕೊಡುವುದಿಲ್ಲ. ಇಲ್ಲಿ ದಿನಕ್ಕೆ ಎಷ್ಟು ಸಲ, ಎಷ್ಟು ನಿಮಿಷ, ಯಾವ ವಾರದಲ್ಲಿ ಬೇಡವೇ ಬೇಡ ಎಂಬುದನ್ನು ಬೆಳೆಗಾರರೇ ಮೊದಲು ಬರೆದು ಕೊಡಬೇಕು. ಉಳಿದ ಹೊತ್ತು ನೆಟ್ಟಗೆ ತ್ರೀ ಫೇಸ್ ಸಿಗಬೇಕೆಂಬ ಷರತ್ತೂ ಅದರಲ್ಲೇ ಇರಬೇಕು. ಒಬ್ಬೊಬ್ಬರ 7.5 ಕಿಲೋವ್ಯಾಟಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಅದನ್ನು ಒಟ್ಟುಗೂಡಿಸಿ ಮಾರುವ ಕೆಲಸ ಊರಿನ ಸಹಕಾರ ಸಂಘದ ಕೈಯಲ್ಲಿದ್ದರೆ ಹಣವೂ ಊರಲ್ಲೇ ಉಳಿಯುತ್ತದೆ.