ಜೇಬಿನ ಡೈರಿಯ ಗೆರೆಗಳು: ಟಿಪ್ಪರ್ ಡ್ರೈವರುಗಳು ಹೀಗೆ ಓಡಿಸುವುದು ಯಾಕೆ?

ನಮ್ಮ ಸೋದರಮಾವ ಇಪ್ಪತ್ತು ವರ್ಷಕ್ಕೂ ಜಾಸ್ತಿ ಟಿಪ್ಪರ್ ಓಡಿಸಿದವರು. ಮೊದಲು ಬಳ್ಳಾರಿ ಜಿಲ್ಲೆಯ ಸಂಡೂರು ಕಡೆ ಕಬ್ಬಿಣದ ಅದಿರು, ಆಮೇಲೆ ಬೆಂಗಳೂರಿನ ಸುತ್ತ ಜಲ್ಲಿ ಮತ್ತು ಎಂ-ಸ್ಯಾಂಡ್, ಅಂದ್ರೆ ಕಲ್ಲು ಪುಡಿ ಮಾಡಿ ತೆಗೆಯುವ ಮರಳು. ಅವರ ಶರ್ಟಿನ ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ಡೈರಿ ಇರುತ್ತಿತ್ತು. ಒಂದು ಟ್ರಿಪ್ಪಿಗೆ ಒಂದು ಗೆರೆ. ನಾಲ್ಕು ಗೆರೆ ಆದ ಮೇಲೆ ಐದನೆಯದನ್ನು ಅಡ್ಡ ಎಳೆಯುವುದು. ತಿಂಗಳ ಕೊನೆಗೆ ಓನರ್ ಜೊತೆ ಕೂತು ಗೆರೆ ಎಣಿಸಿ ದುಡ್ಡು ತಗೊಳ್ಳುವುದು. ಎಷ್ಟು ಗಂಟೆ ಓಡಿಸಿದೆ, ಎಷ್ಟು ರಾತ್ರಿ ನಿದ್ದೆಗೆಟ್ಟೆ, ಕಲ್ಲು ಪುಡಿ ಮಾಡುವ ಕ್ರಷರ್‌ನ ಗೇಟಿನ ಮುಂದೆ ಎಷ್ಟು ಹೊತ್ತು ಕಾದೆ ಅನ್ನೋದಕ್ಕೆ ಆ ಡೈರಿಯಲ್ಲಿ ಜಾಗವೇ ಇರಲಿಲ್ಲ.

ಟಿಪ್ಪರ್ ಹರಿದು ಬೈಕ್ ಸವಾರ ಸಾವು ಅಂತ ಸುದ್ದಿ ಬಂದಾಗಲೆಲ್ಲ ನನಗೆ ಆ ಡೈರಿ ನೆನಪಾಗುತ್ತದೆ. ಸತ್ತವರ ಮನೆಯ ನೋವು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಡ್ರೈವರ್ ಯಾಕೆ ಅಷ್ಟು ಅವಸರದಲ್ಲಿದ್ದ ಅಂತ ಯಾರೂ ಕೇಳುವುದಿಲ್ಲ. ಕುಡಿದಿದ್ದ ಅಂತಲೋ, ಕೊಬ್ಬು ಅಂತಲೋ ಹೇಳಿ ಮುಗಿಸುತ್ತೇವೆ.

ಮಾವ ಕ್ಲೀನರ್ ಆಗಿ ಲಾರಿ ಹತ್ತಿದ ಕಾಲಕ್ಕೆ ಕೆಲಸದ ಗತಿಯೇ ಬೇರೆ ಇತ್ತು. ಮರಳು ತುಂಬಲು ಹೊಳೆಗೆ ಹೋದರೆ ಲಾರಿಯ ಹಿಂದೆ ಐದಾರು ಜನ ಕೂಲಿಯವರು ಕೂತಿರುತ್ತಿದ್ದರು. ಸಲಿಕೆ, ಬುಟ್ಟಿ ಹಿಡಿದು ಅವರು ತುಂಬಬೇಕು. ಊರಿಗೆ ಬಂದ ಮೇಲೆ ಹಿಂದಿನ ಬಾಗಿಲು ಬಿಚ್ಚಿ ಅವರೇ ಇಳಿಸಬೇಕು. ತುಂಬುವುದಕ್ಕೆ ಒಂದಿಷ್ಟು ಗಂಟೆ, ಇಳಿಸುವುದಕ್ಕೆ ಒಂದಿಷ್ಟು ಗಂಟೆ. ಅಷ್ಟು ಹೊತ್ತು ಡ್ರೈವರ್ ಲಾರಿಯ ನೆರಳಲ್ಲಿ ಟವೆಲ್ ಹಾಸಿ ಮಲಗುತ್ತಿದ್ದ. ಬುತ್ತಿ ಬಿಚ್ಚಿ ನಿಧಾನಕ್ಕೆ ಊಟ ಮಾಡುತ್ತಿದ್ದ. ಯಾವ ಕಾನೂನೂ ಕೊಡಿಸಿದ ಬಿಡುವಲ್ಲ ಅದು, ಕೆಲಸದ ಒಳಗೇ ಇದ್ದ ಬಿಡುವು.

ಆಮೇಲೆ ಬಾಡಿಯನ್ನು ತಾನೇ ಎತ್ತುವ ಜಾಕ್ ಇರುವ ಟಿಪ್ಪರ್ ಬಂತು, ತುಂಬಲು ಜೆಸಿಬಿ ಬಂತು, ಹಿಟಾಚಿ ಬಂತು. (ಉದ್ದ ಕೈಗೆ ಬಕೆಟ್ ಇರುವ ಅಗೆಯುವ ಮಿಷನ್ ಯಾವ ಕಂಪನಿಯದ್ದಾದರೂ ನಮ್ಮ ಕಡೆ ಅದು ಹಿಟಾಚಿಯೇ. ಧಾರವಾಡದಲ್ಲಿ ಟಾಟಾ ಹಿಟಾಚಿ ಕಾರ್ಖಾನೆಯೇ ಇದೆ.) ಹಿಟಾಚಿ ಕೆಲವೇ ಬಕೆಟ್‌ಗಳಲ್ಲಿ ಬಾಡಿ ತುಂಬಿಸಿ ಕಳಿಸುತ್ತದೆ. ಇಳಿಸುವಾಗ ಕ್ಯಾಬಿನ್‌ನಲ್ಲಿ ಕೂತು ಲಿವರ್ ಎಳೆದರೆ ಸಾಕು, ಬಾಡಿ ಮೇಲೆದ್ದು ಮಾಲು ಜಾರಿ ಬೀಳುತ್ತದೆ. ಅರ್ಧ ದಿನದ ಕೆಲಸ ಅರ್ಧ ಗಂಟೆಗೆ ಇಳಿಯಿತು. ಕೂಲಿಯವರು ಹೋದರು. ಸ್ವಲ್ಪ ವರ್ಷಕ್ಕೆ ಕ್ಲೀನರ್‌ಗೆ ಯಾಕೆ ಸಂಬಳ ಅಂತ ಎಷ್ಟೋ ಲಾರಿಗಳಲ್ಲಿ ಅವನನ್ನೂ ಬಿಡಿಸಿದರು. ಉಳಿದವನು ಡ್ರೈವರ್ ಒಬ್ಬನೇ. ಮಿಷನ್ ಉಳಿಸಿಕೊಟ್ಟ ಆ ಗಂಟೆಗಳೆಲ್ಲ ಎಲ್ಲಿ ಹೋದವು? ಇನ್ನೊಂದು ಟ್ರಿಪ್ಪಿಗೆ, ಮತ್ತೊಂದು ಟ್ರಿಪ್ಪಿಗೆ. ನೆರಳಲ್ಲಿ ಮಲಗುವ ಹೊತ್ತೇ ಡೈರಿಯ ಗೆರೆಯಾಯಿತು ಅಂತ ನಾನು ಅಂದುಕೊಂಡಿದ್ದೇನೆ. ಆಮೇಲೆ ಆದದ್ದೆಲ್ಲ ಅಲ್ಲಿಂದಲೇ ಶುರು.

ಕಾನೂನು ಇರಲಿಲ್ಲ ಅಂತಲ್ಲ. 1961ರಲ್ಲೇ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಬಂದಿತ್ತು, 2025ರವರೆಗೂ ಜಾರಿಯಲ್ಲಿತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ, ಐದು ಗಂಟೆ ಕೆಲಸ ಆದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವು ಅಂತ ಅದು ಹೇಳುತ್ತಿತ್ತು. ಆದರೆ ಐದು ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರು ಇರುವ ಸಂಸ್ಥೆಗೆ ಮಾತ್ರ ಅದು ಅನ್ವಯ ಆಗುತ್ತಿತ್ತು. ನಮ್ಮಲ್ಲಿ ಟಿಪ್ಪರ್ ಓನರ್ ಅಂದ್ರೆ ಬಹಳ ಸಲ ಒಂದು ಅಥವಾ ಎರಡು ಗಾಡಿ ಇಟ್ಟುಕೊಂಡವನು, ಫೈನಾನ್ಸ್ ಕಂತು ಕಟ್ಟಲು ಅವನೂ ಒದ್ದಾಡುತ್ತಿರುತ್ತಾನೆ. ಕೆಲವು ಸಲ ಓನರ್, ಡ್ರೈವರ್ ಇಬ್ಬರೂ ಒಬ್ಬನೇ. ಅಂಥವರಿಗೆ ಈ ಕಾಯ್ದೆ ತಾಗುತ್ತಲೇ ಇರಲಿಲ್ಲ.

ಈ ಟ್ರಿಪ್ ಲೆಕ್ಕ ಹುಚ್ಚು ಹಿಡಿದಂತೆ ಬೆಳೆದದ್ದನ್ನು ನೋಡಬೇಕಿದ್ದರೆ ಬಳ್ಳಾರಿಗೇ ಬರಬೇಕು. 2003ರ ಹೊತ್ತಿಗೆ ರಾಜ್ಯ ಸರ್ಕಾರ ತನಗೆ ಅಂತ ಮೀಸಲಿಟ್ಟಿದ್ದ ಅದಿರಿನ ಜಾಗಗಳನ್ನು ಖಾಸಗಿಯವರಿಗೆ ತೆರೆಯಿತು. ಅದೇ ಕಾಲಕ್ಕೆ ಚೀನಾದಲ್ಲಿ ಉಕ್ಕಿಗೆ ಎಲ್ಲಿಲ್ಲದ ಬೇಡಿಕೆ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಅಲ್ಲಿ ಕಟ್ಟಡಗಳು ಏಳುತ್ತಿದ್ದವು, ಇಲ್ಲಿ ಸಂಡೂರಿನ ಗುಡ್ಡಗಳು ಕರಗುತ್ತಿದ್ದವು. ಹೊಸಪೇಟೆ, ಸಂಡೂರು ಕಡೆ ಹೊಲ ಅಡವಿಟ್ಟು ಲಾರಿ ತಗೊಂಡವರು ಎಷ್ಟೋ ಜನ. ಎತ್ತು ಹೊಡೆಯುತ್ತಿದ್ದ ಹುಡುಗರು ಸ್ಟೇರಿಂಗ್ ಹಿಡಿದರು. ಹೊಸಪೇಟೆಯಿಂದ ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟ ಇಳಿದು ಅಂಕೋಲಾ ಹತ್ತಿರದ ಬೇಲೇಕೇರಿ ಬಂದರಿಗೆ ಲಾರಿಗಳ ಸಾಲು. ಘಟ್ಟದಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಹಿಂದೆ ಕಿಲೋಮೀಟರುಗಟ್ಟಲೆ ಜಾಮ್. ಅದಿರಿನ ಕೆಂಪು ಧೂಳು ಕೂತು, ರಸ್ತೆ ಪಕ್ಕದ ಮರಗಳ ಎಲೆ ಹಸಿರು ಅನ್ನೋದು ಮಳೆ ಬಂದಾಗ ಮಾತ್ರ ಗೊತ್ತಾಗುತ್ತಿತ್ತು.

ಆ ವರ್ಷಗಳಲ್ಲಿ ಮಾವ ಮನೆಗೆ ಬಂದರೆ ಮೊದಲು ಬಚ್ಚಲಿಗೇ ಹೋಗಬೇಕಿತ್ತು. ಅತ್ತೆ ಅವರ ಬಟ್ಟೆಯನ್ನು ಬೇರೆ ಬಕೆಟ್‌ನಲ್ಲಿ ನೆನೆಸುತ್ತಿದ್ದರು. ಮೂರು ನೀರು ತೆಗೆದರೂ ನಾಲ್ಕನೆಯ ನೀರು ಕುಂಕುಮ ಕದಡಿದ ಹಾಗೆ ಕೆಂಪಗೇ ಇರುತ್ತಿತ್ತು. ಕಿವಿಯೊಳಗೆ, ಉಗುರಿನ ಸಂದಿಯಲ್ಲಿ, ಕೆಮ್ಮಿ ಉಗಿದರೆ ಕಫದಲ್ಲೂ ಅದೇ ಕೆಂಪು.

ನಾನು ಒಂದು ಸಲ ಕೇಳಿದ್ದೆ, "ಮಾವ, ಸ್ವಲ್ಪ ನಿಧಾನಕ್ಕೆ ಓಡಿಸಬಾರದಾ?"

"ನಿಧಾನಕ್ಕೆ ಹೋದ್ರೆ ಲೈನಲ್ಲಿ ಹಿಂದೆ ಬೀಳ್ತೀನಿ ಕಣಪ್ಪ. ಲೈನಲ್ಲಿ ಬಿದ್ರೆ ಇವತ್ತಿನ ಟ್ರಿಪ್ ಹೋಯ್ತು" ಅಂದಿದ್ದರು.

ಓವರ್‌ಲೋಡ್ ವಿಚಾರ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೊರಗಿನವರಿಗೆ ಇದು ಕಾಣುವುದಿಲ್ಲ. ಆಗಿನ 10 ಚಕ್ರದ ಗಾಡಿಗೆ ಮಾಲು ಸೇರಿ ಒಟ್ಟು 25 ಟನ್ ಮಿತಿ. ಖಾಲಿ ಗಾಡಿಯೇ ಹತ್ತು ಟನ್ ಹತ್ತಿರ ತೂಗುತ್ತದೆ, ಅಂದ್ರೆ ಮಾಲು 15 ಟನ್ ಸುಮಾರು. ಈಗ 14 ಘನ ಮೀಟರ್, ಅಂದ್ರೆ ಸುಮಾರು 500 ಘನ ಅಡಿಯ ಬಾಡಿ ಅಂತ ಇಟ್ಟುಕೊಳ್ಳಿ. ಜಲ್ಲಿ ಒಂದು ಘನ ಮೀಟರಿಗೆ ಹೆಚ್ಚುಕಡಿಮೆ ಒಂದೂವರೆ ಟನ್, ಬಾಡಿ ಸಮಕ್ಕೆ ತುಂಬಿದರೆ 21 ಟನ್ ಆಗಿಹೋಯಿತು. ಕಬ್ಬಿಣದ ಅದಿರು ಇನ್ನೂ ಭಾರ, ಘನ ಮೀಟರಿಗೆ ಎರಡೂವರೆ ಟನ್ ಅಂದರೂ ಅರ್ಧ ಬಾಡಿಗೇ 17 ಟನ್ ದಾಟುತ್ತದೆ. ಕಣ್ಣಿಗೆ ಅರ್ಧ ಖಾಲಿ ಕಾಣುವ ಟಿಪ್ಪರ್ ಕೂಡ ಓವರ್‌ಲೋಡ್ ಆಗಿರುತ್ತದೆ! ಎಷ್ಟು ತುಂಬಬೇಕು ಅಂತ ತೀರ್ಮಾನ ಮಾಡುವವನು ಹಿಟಾಚಿ ಆಪರೇಟರ್, ಅವನಿಗೆ ಹೇಳುವವನು ಗಣಿಯವನೋ ಕ್ರಷರ್‌ನವನೋ, ಬಾಡಿಗೆ ಟನ್ ಲೆಕ್ಕದಲ್ಲಿ ಸಿಗುವುದು ಓನರ್‌ಗೆ. ಇಳಿಜಾರಿನಲ್ಲಿ ಬ್ರೇಕ್ ಕಾದು ಹಿಡಿಯದೇ ಹೋದಾಗ ಸ್ಟೇರಿಂಗ್ ಹಿಂದೆ ಇರುವವನು ಮಾತ್ರ ಡ್ರೈವರ್.

ಆ ಕಾಲದ ಅಕ್ರಮ ಎಷ್ಟು ದೊಡ್ಡದಿತ್ತು ಅನ್ನೋದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿಗಳಲ್ಲಿ ಬಂದಿದೆ. ಮೊದಲನೆಯದು 2008ರ ಡಿಸೆಂಬರ್‌ನಲ್ಲಿ, ಎರಡನೆಯದು 2011ರ ಜುಲೈನಲ್ಲಿ. 2006ರಿಂದ 2010ರ ನಡುವೆ 2.98 ಕೋಟಿ ಟನ್ ಅದಿರು ಅಕ್ರಮವಾಗಿ ರಫ್ತಾಯಿತು ಅಂತ ಎರಡನೇ ವರದಿ ಹೇಳಿತು. ಪರ್ಮಿಟ್ ಇಲ್ಲದ ಲಾರಿಯನ್ನು ದಾರಿಯಲ್ಲಿ ಯಾರೂ ತಡೆಯದ ಹಾಗೆ ಮೊದಲೇ ದುಡ್ಡು ಕೊಟ್ಟು ವ್ಯವಸ್ಥೆ ಮಾಡುವುದನ್ನು 'ಜೀರೋ ರಿಸ್ಕ್' ಅಂತ ಕರೆಯುತ್ತಿದ್ದದ್ದೂ ಅದರಲ್ಲೇ ಇದೆ. ರಿಸ್ಕ್ ಇಲ್ಲದ್ದು ಮಾಲಿಗೆ. ರಾತ್ರಿಯಿಡೀ ಘಟ್ಟದಲ್ಲಿ ಎಚ್ಚರ ಇರುವವನ ರಿಸ್ಕ್ ಆ ಲೆಕ್ಕಕ್ಕೆ ಸೇರಿರಲಿಲ್ಲ.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯ ಹಾಕಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆಗಸ್ಟ್ 26ಕ್ಕೆ ಚಿತ್ರದುರ್ಗ, ತುಮಕೂರಿಗೂ ಅದು ಹಬ್ಬಿತು. ಆ ತೀರ್ಪು ಬೇಕಾಗಿತ್ತು, ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ ನಿಂತ ಲಾರಿಗಳ ಡ್ರೈವರುಗಳಿಗೆ ಮುಂದೇನು ಅಂತ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಕಂತು ಕಟ್ಟದ ಗಾಡಿಗಳನ್ನು ಫೈನಾನ್ಸ್‌ನವರು ಎಳೆದುಕೊಂಡು ಹೋದರು. ಎಷ್ಟೋ ಗಾಡಿಗಳು ಬಯಲಲ್ಲಿ ನಿಂತಲ್ಲೇ ತುಕ್ಕು ಹಿಡಿದು ಗುಜರಿಗೆ ಹೋದವು. ಡ್ರೈವರ್ ಹತ್ತಿರ ಕೆಲಸಕ್ಕೆ ಸೇರಿದ್ದಕ್ಕೆ ಒಂದು ಚೀಟಿಯೂ ಇಲ್ಲ, ಪಿಎಫ್ ಇಲ್ಲ. ಅವನಿದ್ದದ್ದು ಟ್ರಿಪ್ ಲೆಕ್ಕದಲ್ಲಿ, ಟ್ರಿಪ್ ನಿಂತ ಮೇಲೆ ಅವನು ಯಾರ ಲೆಕ್ಕದಲ್ಲೂ ಇಲ್ಲ. ಮಾವನ ಡೈರಿಯಲ್ಲಿ ಆ ತಿಂಗಳುಗಳ ಹಾಳೆ ಖಾಲಿ ಇದ್ದವು.

2012ರ ಕೊನೆಯಿಂದ ಗಣಿಗಳು ಒಂದೊಂದೇ ತೆರೆದವು, ವರ್ಷಕ್ಕೆ ಇಷ್ಟೇ ಟನ್ ಅಂತ ಮಿತಿ ಹಾಕಿಕೊಂಡು. ಅಷ್ಟರಲ್ಲಿ ಮಾವನ ಥರದ ಎಷ್ಟೋ ಜನ ಬೆಂಗಳೂರಿನ ಕಡೆ ಬಂದಾಗಿತ್ತು. ಅಪಾರ್ಟ್‌ಮೆಂಟು, ಮೆಟ್ರೋ, ಪಾಯ ತೋಡಿದ ಮಣ್ಣು, ಜಲ್ಲಿ. ಹೊಳೆ ಮರಳಿಗೆ ಬಿಗಿ ಬಂದ ಮೇಲೆ ಎಂ-ಸ್ಯಾಂಡ್. ಇಲ್ಲಿ ಇನ್ನೊಂದು ತೊಡಕು: ಹಗಲು ಹೊತ್ತಿನಲ್ಲಿ ದೊಡ್ಡ ಗಾಡಿಗಳು ಊರೊಳಗೆ ಬರುವುದಕ್ಕೆ ನಿರ್ಬಂಧ. ಹಾಗಾಗಿ ಕೆಲಸ ರಾತ್ರಿಗೆ ಜಾರಿತು. ರಾತ್ರಿ ಸಿಗುವ ಕೆಲವೇ ಗಂಟೆಗಳಲ್ಲಿ ಮೂರು ಟ್ರಿಪ್ಪೋ ನಾಲ್ಕೋ ಮುಗಿಸಬೇಕು. ಬೆಳಗಿನ ಜಾವ ಖಾಲಿ ಟಿಪ್ಪರ್ ಹಾರಿಕೊಂಡು ಹೋಗುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ? ನಿರ್ಬಂಧದ ಹೊತ್ತು ಶುರುವಾಗುವ ಮೊದಲು ಊರಿಂದ ಹೊರಗೆ ಬೀಳಬೇಕು ಅನ್ನೋ ಓಟ ಅದು. ಟಿಪ್ಪರ್‌ಗಳಿಗೆ ಗಂಟೆಗೆ 60 ಕಿಲೋಮೀಟರ್ ಮೀರದ ಹಾಗೆ ಸ್ಪೀಡ್ ಗವರ್ನರ್ ಇರಬೇಕು ಅಂತ 2015ರ ನಿಯಮ ಇದೆ. ಅದನ್ನು ಬಿಚ್ಚಿಸಿ ಓಡಿಸುವವರೂ ಇದ್ದಾರೆ.

ಶಿಕ್ಷೆಗಳು ಮಾತ್ರ ವರ್ಷದಿಂದ ವರ್ಷಕ್ಕೆ ಜಾಸ್ತಿಯಾದವು. 2015ರಲ್ಲಿ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ, ಓವರ್‌ಲೋಡ್ ಗಾಡಿ ಓಡಿಸಿದವನ ಡಿಎಲ್ ಅನ್ನು ಕನಿಷ್ಠ ಮೂರು ತಿಂಗಳು ಅಮಾನತು ಮಾಡಿ ಅಂತ ರಾಜ್ಯಗಳಿಗೆ ಹೇಳಿತು. 2018ರಲ್ಲಿ ಕೇಂದ್ರ 10 ಚಕ್ರದ ಗಾಡಿಯ ಮಿತಿಯನ್ನು 25ರಿಂದ 28.5 ಟನ್‌ಗೆ ಏರಿಸಿತು. ಆದರೆ ಅದರ ಮರುವರ್ಷವೇ ಓವರ್‌ಲೋಡ್ ದಂಡವನ್ನು 20,000 ರೂಪಾಯಿ, ಮೇಲಿನ ಪ್ರತಿ ಟನ್‌ಗೆ 2,000 ರೂಪಾಯಿ ಅಂತ ಮಾಡಿತು. ಓಡಿಸಿದವನೂ ಹೊಣೆ, ಓಡಿಸಲು ಬಿಟ್ಟವನೂ ಹೊಣೆ ಅಂತ ಕಾನೂನಿನಲ್ಲಿ ಸ್ಪಷ್ಟವಾಗಿದೆ. ಆದರೆ ರಸ್ತೆಯಲ್ಲಿ ಸಿಕ್ಕುವವನು ಒಬ್ಬನೇ. ಪರ್ಮಿಟ್ ವಿಷಯವೂ ಹಾಗೆಯೇ. ಪರವಾನಗಿ ಇಲ್ಲದ ಖನಿಜ ಸಾಗಿಸಿದರೆ ಐದು ವರ್ಷದವರೆಗೆ ಜೈಲು ಅಂತ 2015ರ ಗಣಿ ಕಾಯ್ದೆ ತಿದ್ದುಪಡಿ ಹೇಳುತ್ತದೆ, ಗಾಡಿ ಜಪ್ತಿ ಬೇರೆ. ಕೈಗೆ ಕೊಟ್ಟ ಚೀಟಿ ಅಸಲಿಯೋ ನಕಲಿಯೋ, ಅದರ ಟೈಮ್ ಮುಗಿದಿದೆಯೋ ಇಲ್ಲವೋ, ಓದಲು ಕಷ್ಟಪಡುವ ಡ್ರೈವರ್ ಮಧ್ಯರಾತ್ರಿ ಹೇಗೆ ತಿಳಿದುಕೊಳ್ಳಬೇಕು ಹೇಳಿ.

ಇಳಿಸುವ ಜಾಗದ ಅಪಾಯ ಪೇಪರ್‌ಗೆ ಬರುವುದೇ ಕಡಿಮೆ. ಹೊಸದಾಗಿ ಮಣ್ಣು ತುಂಬಿದ ಸೈಟಿನಲ್ಲಿ ಒಂದು ಕಡೆ ಚಕ್ರ ಕುಸಿದಿರುವಾಗ ಜಾಕ್ ಎತ್ತಿದರೆ, ಮಾಲು ಇನ್ನೂ ಬಾಡಿಯ ಮೇಲ್ಭಾಗದಲ್ಲೇ ಕಚ್ಚಿಕೊಂಡಿರುತ್ತದೆ, ಭಾರವೆಲ್ಲ ಎತ್ತರಕ್ಕೆ ಹೋಗಿ ಗಾಡಿ ಪಕ್ಕಕ್ಕೆ ಮಗುಚುತ್ತದೆ. ಮೇಲೆ ಕರೆಂಟಿನ ತಂತಿ ಇದ್ದರೆ ಬಾಡಿ ಅದಕ್ಕೆ ತಾಗುತ್ತದೆ, ಗಾಬರಿಯಿಂದ ಕೆಳಗಿಳಿದವನ ಕಾಲು ನೆಲಕ್ಕೂ ಕೈ ಗಾಡಿಗೂ ಇದ್ದರೆ ಮುಗಿಯಿತು. ಹಿಂದೆ ನಿಂತು "ಬಾ, ಬಾ, ಸಾಕು" ಅನ್ನಲು ಕ್ಲೀನರ್ ಇದ್ದ. ಮೇಲೆ ನೋಡಲು ಈಗ ಯಾರೂ ಇಲ್ಲ.

2024ರ ಜನವರಿ ಮೊದಲ ವಾರ ದೇಶದ ಎಷ್ಟೋ ಕಡೆ ಡ್ರೈವರುಗಳು ಗಾಡಿ ನಿಲ್ಲಿಸಿದರು. ಅಪಘಾತ ಮಾಡಿ ತಿಳಿಸದೆ ಓಡಿಹೋದರೆ ಹತ್ತು ವರ್ಷದವರೆಗೆ ಶಿಕ್ಷೆ ಅನ್ನುವ ಭಾರತೀಯ ನ್ಯಾಯ ಸಂಹಿತೆಯ 106(2)ನೇ ಕಲಮಿನ ವಿರುದ್ಧ. ನಮ್ಮ ರಾಜ್ಯದಲ್ಲೂ ಅದೇ ತಿಂಗಳು ಲಾರಿ ಮುಷ್ಕರ ನಡೆಯಿತು. ಅದೇ ವರ್ಷ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಒಂದು ಉಪಕಲಮನ್ನು ಮಾತ್ರ ತಡೆಹಿಡಿದರು. ಗಾಯಗೊಂಡವರನ್ನು ಬಿಟ್ಟು ಓಡುವುದು ತಪ್ಪು, ಅದನ್ನು ಮಾವನೂ ತಪ್ಪು ಅಂತಲೇ ಹೇಳುತ್ತಿದ್ದರು. ಆದರೆ ಸುತ್ತ ಕಲ್ಲು ಹಿಡಿದ ಜನ ಸೇರುತ್ತಿರುವಾಗ ನಿಲ್ಲುವ ಧೈರ್ಯ ಎಲ್ಲಿಂದ ಬರಬೇಕು ಅಂತಲೂ ಕೇಳುತ್ತಿದ್ದರು.

ಕರ್ನಾಟಕ ಸರ್ಕಾರ 2024ರಲ್ಲಿ ಸಾರಿಗೆ ಕೆಲಸಗಾರರ ಸಾಮಾಜಿಕ ಭದ್ರತೆಗೆ ಅಂತಲೇ ಒಂದು ಕಾನೂನು ಮಾಡಿದೆ. ಟಿಪ್ಪರ್ ಡ್ರೈವರುಗಳು ದಯವಿಟ್ಟು ಕಾರ್ಮಿಕ ಇಲಾಖೆಯಲ್ಲಿ ಹೆಸರು ನೋಂದಾಯಿಸಿಕೊಳ್ಳಿ, ಅಕ್ಕಪಕ್ಕದವರಿಗೂ ಹೇಳಿ. 2025ರಿಂದ ಹೊಸದಾಗಿ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ ಆಗಿರುವುದೂ ಒಳ್ಳೆಯದೇ. ಎಂಜಿನ್ ಕಾವಿನ ಪಕ್ಕ ಹತ್ತು ಹನ್ನೆರಡು ಗಂಟೆ ಕೂರುವುದು ಏನು ಅಂತ ಕೂತವರಿಗೇ ಗೊತ್ತು.

ಹೋದ ಬೇಸಿಗೆಯಲ್ಲಿ ಒಂದು ಕ್ರಷರ್ ಗೇಟಿನ ಹತ್ತಿರ ಅಂಥದ್ದೇ ಹೊಸ ಗಾಡಿ ಲೈನಲ್ಲಿ ನಿಂತಿತ್ತು. ಮಧ್ಯಾಹ್ನದ ಬಿಸಿಲು. ಮುಂದೆ ಹದಿನೈದು ಗಾಡಿಯಾದರೂ ಇದ್ದವು. ಎಸಿ ಇದ್ದರೂ ಡ್ರೈವರ್ ಎರಡೂ ಕಡೆ ಗಾಜು ಇಳಿಸಿ, ಒದ್ದೆ ಟವೆಲ್ ಮುಖಕ್ಕೆ ಹಾಕಿಕೊಂಡು ಕೂತಿದ್ದ. ಎಂಜಿನ್ ಆಫ್ ಮಾಡಿದರೆ ಎಸಿ ಇಲ್ಲ, ಆನ್ ಇಟ್ಟರೆ ಡೀಸೆಲ್ ಲೆಕ್ಕ ಕೊಡಬೇಕು ಅಂದ. ಕ್ರಷರ್ ಧೂಳು ಹೊಸ ಸೀಟಿನ ಪ್ಲಾಸ್ಟಿಕ್ ಕವರಿನ ಮೇಲೆ ಬೆಳ್ಳಗೆ ಕೂತಿತ್ತು. ಬೆಳಗ್ಗಿನಿಂದ ಎಷ್ಟು ಟ್ರಿಪ್ ಆಯ್ತಣ್ಣ ಅಂತ ಕೇಳಿದೆ. ಒಂದು ಬೆರಳು ತೋರಿಸಿದ.