ರೂಟರ್ ಮೇಲೆ ಸ್ಕ್ವಿಡ್: ಹಿಟ್ ಯಾಕೆ ಬರುತ್ತಿರಲಿಲ್ಲ ಎಂದು ಹುಡುಕಿದ ಟಿಪ್ಪಣಿ

ಉಡುಪಿಯ ಕುಂಜಿಬೆಟ್ಟಿನಲ್ಲಿ ನನ್ನ ಮಾವನ ಕಂಪ್ಯೂಟರ್ ಕ್ಲಾಸ್ ಉಂಟು. 10 ಮೆಷಿನ್, ಎಲ್ಲದರಲ್ಲೂ ಉಬುಂಟು. ನೆಟ್ ಲೈನ್ 20 ಎಂಬಿಪಿಎಸ್. ಅಪ್‌ಡೇಟ್ ಹಾಕುವ ದಿನ ಮಕ್ಕಳಿಗೆ ಒಂದು ಪುಟ ತೆರೆಯುವುದೂ ಕಷ್ಟ. ಒಂದೇ ಫೈಲನ್ನು 10 ಮೆಷಿನ್ 10 ಸಲ ಹೊರಗಿನಿಂದ ಎಳೆಯುತ್ತವೆ. ಲೆಕ್ಕ ನೋಡಿ: ಒಂದು ಮೆಷಿನ್‌ಗೆ 300 ಎಂಬಿ ಅಂದರೆ ಒಟ್ಟು 3000 ಎಂಬಿ. 20 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 2.5 ಮೆಗಾಬೈಟ್. ಇಡೀ ಲೈನ್ ಅದಕ್ಕೇ ಬಿಟ್ಟರೂ 20 ನಿಮಿಷ ಬೇಕು. ಒಮ್ಮೆ ಇಳಿಸಿ ರೂಟರ್‌ನಲ್ಲೇ ಇಟ್ಟುಕೊಂಡರೆ ಲೈನ್ ಮೇಲೆ ಬೀಳುವುದು 2 ನಿಮಿಷದ ಹೊರೆ.

ಆ ಕೆಲಸ ಮಾಡುವುದೇ ಕ್ಯಾಶಿಂಗ್ ಪ್ರಾಕ್ಸಿ. ಕೇಳಿದ್ದು ಅದರ ಬಳಿಯೇ ಸಿಕ್ಕರೆ ಹಿಟ್, ಹೊರಗಿನಿಂದ ತರಬೇಕಾದರೆ ಮಿಸ್. ನಾನು ಹಾಕಿದ್ದು ಸ್ಕ್ವಿಡ್ ಎಂಬ ಪ್ರಾಕ್ಸಿ, ಓಪನ್‌ಡಬ್ಲ್ಯುಆರ್‌ಟಿ (ರೂಟರ್‌ಗೆಂದೇ ಇರುವ ಲಿನಕ್ಸ್) ಇರುವ ರೂಟರ್ ಮೇಲೆ. ಹಾಕುವುದು ಒಂದು ಸಂಜೆಯಲ್ಲಿ ಮುಗಿಯಿತು. ಅದು ನಿಜವಾಗಿ ಕ್ಯಾಶ್ ಮಾಡಲು ಶುರುಮಾಡಿದ್ದು ಎರಡು ವಾರದ ನಂತರ. ಎಲ್ಲಿ ಸಿಕ್ಕಿಹಾಕಿಕೊಂಡೆ ಎನ್ನುವುದು ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ಸೆಟ್ಟಿಂಗ್ ಹೆಸರುಗಳನ್ನು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಫೈಲಿನಲ್ಲಿ ಅವು ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ ಇರುತ್ತವೆ.

ಯಾವುದು ಕ್ಯಾಶ್ ಆಗುತ್ತದೆ, ಯಾವುದು ಆಗುವುದಿಲ್ಲ

ಎಚ್‌ಟಿಟಿಪಿಎಸ್‌ನಲ್ಲಿ, ಅಂದರೆ ಗುಪ್ತ ಲಿಪಿಯಲ್ಲಿ, ಹೋಗುವ ಯಾವುದೂ ಕ್ಯಾಶ್ ಆಗುವುದಿಲ್ಲ. ಒಳಗೆ ಏನಿದೆ ಎಂದು ಪ್ರಾಕ್ಸಿಗೆ ಕಾಣುವುದೇ ಇಲ್ಲ, ಮತ್ತೆ ಇಟ್ಟುಕೊಳ್ಳುವುದು ಹೇಗೆ? ಈಗ ಹೆಚ್ಚಿನ ಸೈಟುಗಳು ಎಚ್‌ಟಿಟಿಪಿಎಸ್. ಹಾಗಾಗಿ ಯೂಟ್ಯೂಬ್ ವೇಗವಾಗುತ್ತದೆ ಎಂದುಕೊಂಡು ಈ ಕೆಲಸಕ್ಕೆ ಇಳಿಯಬೇಡಿ.

ಆದರೆ ಉಬುಂಟು ಪ್ಯಾಕೇಜುಗಳು ಈಗಲೂ ಸಾದಾ ಎಚ್‌ಟಿಟಿಪಿಯಲ್ಲೇ ಬರುತ್ತವೆ. ಅದು ಅಪಾಯ ಅಲ್ವಾ ಎಂದು ನನಗೂ ಅನ್ನಿಸಿತ್ತು. ಅಪಾಯ ಇಲ್ಲ, ಯಾಕೆಂದರೆ ಪ್ಯಾಕೇಜ್ ಪಟ್ಟಿಗೆ ಜಿಪಿಜಿ ಎಂಬ ಡಿಜಿಟಲ್ ಸಹಿ ಇರುತ್ತದೆ, ಪಟ್ಟಿಯಲ್ಲಿ ಪ್ರತಿ ಫೈಲಿನ ಹ್ಯಾಶ್ (ಫೈಲಿನ ಬೆರಳಚ್ಚು ಇದ್ದ ಹಾಗೆ) ಇರುತ್ತದೆ. ದಾರಿಯಲ್ಲಿ ಯಾರಾದರೂ ತಿದ್ದಿದರೆ ಪ್ಯಾಕೇಜ್ ಇಳಿಸಿ ಹಾಕುವ ಆಪ್ಟ್ ಪ್ರೋಗ್ರಾಂ ಆ ಫೈಲನ್ನು ಒಪ್ಪುವುದಿಲ್ಲ. ಉಬುಂಟುವಿನ ಇನ್ನೊಂದು ಬಗೆಯ ಪ್ಯಾಕೇಜ್ ಆದ ಸ್ನ್ಯಾಪ್ ಮಾತ್ರ ಬೇರೆ. ಅದು ಎಚ್‌ಟಿಟಿಪಿಎಸ್‌ನಲ್ಲಿ ಬರುತ್ತದೆ. ಉಬುಂಟು 22.04ರಿಂದ ಫೈರ್‌ಫಾಕ್ಸ್ ಸ್ನ್ಯಾಪ್ ಆಗಿದೆ, ಹಾಗಾಗಿ ಅದು 10 ಸಲವೂ ಹೊರಗಿನಿಂದಲೇ ಇಳಿಯುತ್ತದೆ.

ಎಚ್‌ಟಿಟಿಪಿಎಸ್ ಅನ್ನು ನಡುವೆ ಬಿಚ್ಚಿ ನೋಡುವ ದಾರಿ ಸ್ಕ್ವಿಡ್‌ನಲ್ಲಿ ಉಂಟು. ಅದಕ್ಕೆ ಪ್ರತಿ ಮೆಷಿನ್‌ನಲ್ಲೂ ನಮ್ಮದೇ ಸರ್ಟಿಫಿಕೇಟ್ ಹಾಕಬೇಕು. ಮಕ್ಕಳು ಅದೇ ಮೆಷಿನ್‌ನಲ್ಲಿ ತಮ್ಮ ಮೇಲ್ ತೆರೆಯುತ್ತಾರೆ. ಅದನ್ನು ಬಿಚ್ಚುವ ಹಕ್ಕು ನಮಗಿಲ್ಲ. ನಾನು ಆ ಕಡೆ ಹೋಗಲಿಲ್ಲ, ನೀವೂ ಹೋಗಬೇಡಿ.

ಜಾಗ ಮತ್ತು ರ‍್ಯಾಮ್

ಇದು ಬೇಗ ಮುಗಿಯುವ ಭಾಗ. ರೂಟರ್‌ನ ಒಳಗಿನ ಫ್ಲ್ಯಾಶ್ ಮೇಲೆ ಕ್ಯಾಶ್ ಇಡಬೇಡಿ. ಜಾಗ ಸಾಲದು, ಪದೇ ಪದೇ ಬರೆದರೆ ಸವೆದೂ ಹೋಗುತ್ತದೆ. ಯುಎಸ್‌ಬಿಗೆ ಒಂದು ಸಣ್ಣ ಎಸ್‌ಎಸ್‌ಡಿ ಸಿಕ್ಕಿಸಿ, ಇಎಕ್ಸ್‌ಟಿ4 ಆಗಿ ಫಾರ್ಮ್ಯಾಟ್ ಮಾಡಿ. ಫ್ಯಾಟ್ ಬೇಡ, ಅದರಲ್ಲಿ ಫೈಲಿಗೆ ಮಾಲೀಕ ಎನ್ನುವುದೇ ಇಲ್ಲ. ಕ್ಯಾಶ್ ಫೋಲ್ಡರ್‌ಗೆ ಸ್ಕ್ವಿಡ್ ಬರೆಯುವಂತೆ ಅನುಮತಿ ಕೊಟ್ಟು, ಮೊದಲ ಸಲ ಸ್ಕ್ವಿಡ್ ಅನ್ನು ಝಡ್ ಆಯ್ಕೆಯೊಂದಿಗೆ ಓಡಿಸಿದರೆ ಒಳಗಿನ ಫೋಲ್ಡರುಗಳು ತಯಾರಾಗುತ್ತವೆ.

ರ‍್ಯಾಮ್ ಲೆಕ್ಕ ಮಾತ್ರ ಕಾಗದದ ಮೇಲೆ ಹಾಕಿ. ಕ್ಯಾಶ್ ಮೆಮ್ ಎನ್ನುವುದು ಸ್ಕ್ವಿಡ್ ಬಳಸುವ ಒಟ್ಟು ರ‍್ಯಾಮ್ ಅಲ್ಲ. ಅದು ನೆನಪಿನಲ್ಲಿ ಇಡುವ ಫೈಲುಗಳ ಪಾಲು ಅಷ್ಟೇ. ಏನೂ ಹೇಳದಿದ್ದರೆ ಅದು 256 ಎಂಬಿ. ಅದರ ಮೇಲೆ, ಡಿಸ್ಕಿನಲ್ಲಿರುವ ಪ್ರತಿ 1 ಜಿಬಿ ಕ್ಯಾಶ್‌ನ ಸೂಚಿ ಇಟ್ಟುಕೊಳ್ಳಲು 10ರಿಂದ 14 ಎಂಬಿ ಬೇಕು. ನನ್ನ ರೂಟರ್‌ನಲ್ಲಿ ಇರುವುದು 512 ಎಂಬಿ. ಕ್ಯಾಶ್ ಮೆಮ್ 64 ಎಂಬಿಗೆ ಇಳಿಸಿದೆ, ಡಿಸ್ಕ್ ಕ್ಯಾಶ್ 8 ಜಿಬಿ ಇಟ್ಟೆ. 64 ಮತ್ತು ಸುಮಾರು 112 ಸೇರಿ 176 ಎಂಬಿ. ಉಳಿದದ್ದರಲ್ಲಿ ರೂಟರ್ ಆರಾಮಾಗಿ ಓಡುತ್ತದೆ.

ಎರಡು ಪೋರ್ಟ್ ಯಾಕೆ ಬೇಕು

ಇಲ್ಲಿಂದ ಮಂಡೆ ಬಿಸಿ ಶುರು.

ಪ್ರಾಕ್ಸಿಗೆ ಮಾತು ತಲುಪುವ ದಾರಿ ಎರಡು. ಒಂದು, ಮೆಷಿನ್‌ಗೆ ನಾವೇ ಹೇಳುವುದು: ನಿನ್ನ ಪ್ರಾಕ್ಸಿ 192.168.1.1 (ರೂಟರ್‌ನ ಐಪಿ ವಿಳಾಸ), ಪೋರ್ಟ್ 3128. ಇದು ನೇರ ದಾರಿ. ಇನ್ನೊಂದು, ಮೆಷಿನ್‌ಗೆ ಏನೂ ಹೇಳದೆ, 80ನೇ ಪೋರ್ಟಿಗೆ (ಸಾದಾ ಎಚ್‌ಟಿಟಿಪಿಯ ಬಾಗಿಲು) ಹೊರಟದ್ದನ್ನು ಫೈರ್‌ವಾಲ್ ನಡುವೆ ಹಿಡಿದು ಸ್ಕ್ವಿಡ್ ಕಡೆಗೆ ತಿರುಗಿಸುವುದು. ಇದಕ್ಕೆ ಇಂಟರ್‌ಸೆಪ್ಟ್ ಎನ್ನುತ್ತಾರೆ.

ನಾನು ಫೈರ್‌ವಾಲ್‌ನಿಂದ ತಿರುಗಿಸಿದ್ದು 3128ಕ್ಕೇ. ಎಲ್ಲ ಪುಟಕ್ಕೂ ಯುಆರ್‌ಎಲ್ ಸರಿಯಿಲ್ಲ ಎಂಬ ತಪ್ಪು, ಲಾಗ್‌ನಲ್ಲಿ ಸಾಲು ಸಾಲು 400.

ಕಾರಣ ಅರ್ಥವಾಗಲು ನನಗೆ ಉಡುಪಿ–ಮಂಗಳೂರು ಬಸ್ಸಿನ ಪಾರ್ಸೆಲ್ ಸಹಾಯ ಮಾಡಿತು. ಕಂಡಕ್ಟರ್ ಕೈಗೆ ನೀವೇ ಪಾರ್ಸೆಲ್ ಕೊಡುವಾಗ ಪೂರ್ತಿ ಹೇಳುತ್ತೀರಿ: ಮೂಲ್ಕಿ ಬಸ್ ಸ್ಟ್ಯಾಂಡ್, ಇಂಥ ಅಂಗಡಿ. ನೇರ ದಾರಿಯಲ್ಲಿ ಮೆಷಿನ್ ಹೀಗೇ ಮಾಡುತ್ತದೆ. ಕೋರಿಕೆಯ ಮೊದಲ ಸಾಲಿನಲ್ಲೇ ಎಚ್‌ಟಿಟಿಪಿಯಿಂದ ಹಿಡಿದು ಸೈಟ್ ಹೆಸರು, ಫೈಲ್ ದಾರಿ, ಎಲ್ಲ ಇರುತ್ತದೆ. ಪ್ರಾಕ್ಸಿ ಇದೆ ಎಂದು ಮೆಷಿನ್‌ಗೆ ಗೊತ್ತಿಲ್ಲದಿದ್ದರೆ? ಅದು ಸೈಟಿನ ಹತ್ತಿರವೇ ಮಾತಾಡುತ್ತಿದ್ದೇನೆ ಎಂದುಕೊಂಡು ಮೊದಲ ಸಾಲಿನಲ್ಲಿ ಫೈಲ್ ದಾರಿ ಮಾತ್ರ ಬರೆಯುತ್ತದೆ. ಸೈಟ್ ಹೆಸರು ಕೆಳಗೆ ಹೋಸ್ಟ್ ಎಂಬ ಸಾಲಿನಲ್ಲಿ ಇರುತ್ತದೆ. 3128ರಲ್ಲಿ ಕೂತ ಸ್ಕ್ವಿಡ್ ಪೂರ್ತಿ ವಿಳಾಸವನ್ನು ಮೊದಲ ಸಾಲಿನಲ್ಲೇ ಹುಡುಕುತ್ತದೆ. ಇಲ್ಲದಿದ್ದರೆ 400 ಎಂದು ವಾಪಸ್ ಕಳಿಸುತ್ತದೆ.

ಹಾಗಾಗಿ ಇನ್ನೊಂದು ಪೋರ್ಟ್ ಬೇಕು. ನಾನು 3129 ಇಟ್ಟೆ, ಆ ಸಾಲಿನ ಕೊನೆಗೆ ಇಂಟರ್‌ಸೆಪ್ಟ್ ಎಂದು ಸೇರಿಸಿದೆ. ಈ ಪೋರ್ಟಿಗೆ ಬಂದದ್ದು ಮೊದಲು ಯಾವ ಐಪಿಗೆ ಹೊರಟಿತ್ತು ಎಂದು ಸ್ಕ್ವಿಡ್ ಕರ್ನಲ್ ಅನ್ನು ಕೇಳುತ್ತದೆ. ದಾರಿ ತಿರುಗಿಸಿದವರ ಪುಸ್ತಕದಲ್ಲಿ ಮಾತ್ರ ಅದು ಇರುತ್ತದೆ. ಅದಕ್ಕೇ ತಿರುಗಿಸುವ ಫೈರ್‌ವಾಲ್ ಮತ್ತು ಸ್ಕ್ವಿಡ್ ಒಂದೇ ಪೆಟ್ಟಿಗೆಯಲ್ಲಿ ಇರಬೇಕು. ರೂಟರ್ ಮೇಲೆ ಸ್ಕ್ವಿಡ್ ಹಾಕುವುದರ ದೊಡ್ಡ ಲಾಭ ಇದೇ.

ತಿರುಗು ಮುರುಗು ಮಾಡಿದರೂ ತಪ್ಪೇ. ಮೆಷಿನ್‌ನ ಪ್ರಾಕ್ಸಿ ಸೆಟ್ಟಿಂಗ್‌ನಲ್ಲಿ 3129 ಕೊಟ್ಟರೆ ಸ್ಕ್ವಿಡ್‌ಗೆ ಸಿಗುವ ಮೂಲ ವಿಳಾಸ ಅದರದ್ದೇ. ತನ್ನನ್ನೇ ತಾನು ಕರೆದು ಫಾರ್ವರ್ಡಿಂಗ್ ಲೂಪ್ ಎಂದು ಲಾಗ್‌ನಲ್ಲಿ ಕೂಗುತ್ತದೆ. 3128 ನೇರ ದಾರಿಗೆ, 3129 ಫೈರ್‌ವಾಲ್‌ಗೆ. ಇದನ್ನು ರೂಟರ್ ಮೇಲೆ ಚೀಟಿ ಬರೆದು ಅಂಟಿಸಿದ್ದೇನೆ.

ಫೈರ್‌ವಾಲ್ ನಿಯಮದಲ್ಲಿ ಒಂದು ಮಾತು ಸೇರಿಸಿ: ರೂಟರ್‌ನ ಸ್ವಂತ ಐಪಿಗೆ ಹೊರಟದ್ದನ್ನು ತಿರುಗಿಸಬೇಡ. ಇಲ್ಲದಿದ್ದರೆ ರೂಟರ್‌ನ ಸೆಟ್ಟಿಂಗ್ ಪುಟವೂ ಸ್ಕ್ವಿಡ್ ಮೂಲಕವೇ ಹಾದುಹೋಗುತ್ತದೆ.

ಎಲ್ಲ ಸರಿ ಇದ್ದೂ ಹಿಟ್ ಇಲ್ಲ

ಪುಟಗಳು ತೆರೆಯಲು ಶುರುವಾದವು. ಲಾಗ್ ತುಂಬುತ್ತಿತ್ತು. ಆದರೆ ಎಲ್ಲಿ ನೋಡಿದರೂ ಟಿಸಿಪಿ ಮಿಸ್. ಎರಡನೇ ಮೆಷಿನ್ ಅದೇ ಫೈಲ್ ಕೇಳಿದರೂ ಮಿಸ್, ಮೂರನೆಯದಕ್ಕೂ ಮಿಸ್. "ಎಂತ ಮಾರಾಯ, ಅದು ಇಟ್ಟುಕೊಳ್ಳುತ್ತದಾ ಇಲ್ವಾ?" ಎಂದು ಮಾವ ದಿನಾ ಕೇಳುತ್ತಿದ್ದರು.

ಮೊದಲು ನಾನು ಸೈಜ್ ನೋಡಿದೆ. ಮ್ಯಾಕ್ಸಿಮಮ್ ಆಬ್ಜೆಕ್ಟ್ ಸೈಜ್ ಏನೂ ಹೇಳದಿದ್ದರೆ 4 ಎಂಬಿ. ಅದಕ್ಕಿಂತ ದೊಡ್ಡ ಫೈಲನ್ನು ಡಿಸ್ಕಿಗೆ ಹಾಕುವುದೇ ಇಲ್ಲ. ಲಿಬ್ರೆಆಫೀಸ್, ಕರ್ನಲ್, ಫರ್ಮ್‌ವೇರ್ ಎಲ್ಲ ಅದಕ್ಕಿಂತ ದೊಡ್ಡವು. ಅದನ್ನು 1 ಜಿಬಿಗೆ ಏರಿಸಿದೆ. ಈ ಸಾಲು, ಕ್ಯಾಶ್ ಫೋಲ್ಡರ್ ಎಲ್ಲಿ ಎಂದು ಹೇಳುವ ಕ್ಯಾಶ್ ಡೈರ್ ಸಾಲಿಗಿಂತ ಮೇಲೆ ಇರಲಿ. ಕೆಳಗೆ ಬರೆದರೆ ಕೆಲವು ಆವೃತ್ತಿಗಳಲ್ಲಿ ಅದು ಕ್ಯಾಶ್ ಫೋಲ್ಡರ್‌ಗೆ ಅನ್ವಯಿಸುವುದಿಲ್ಲ. ಇಷ್ಟು ಮಾಡಿದರೂ ಸಣ್ಣ ಫೈಲುಗಳೂ ಮಿಸ್ ಆಗುತ್ತಿದ್ದವು. ಅಂದರೆ ರೋಗ ಬೇರೆ ಎಲ್ಲೋ ಇತ್ತು.

ಉತ್ತರ ಇದ್ದದ್ದು ನಾನು ನೋಡದ ಲಾಗ್‌ನಲ್ಲಿ. ಸ್ಕ್ವಿಡ್‌ಗೆ ಲಾಗ್ ಎರಡು. ಆಕ್ಸೆಸ್ ಲಾಗ್‌ನಲ್ಲಿ ಯಾರು ಏನು ಕೇಳಿದರು ಎಂದಿರುತ್ತದೆ. ಕ್ಯಾಶ್ ಲಾಗ್‌ನಲ್ಲಿ ಸ್ಕ್ವಿಡ್ ತನ್ನ ಕಷ್ಟ ಹೇಳಿಕೊಳ್ಳುತ್ತದೆ. ಎರಡನೆಯದನ್ನು ತೆರೆದರೆ ಪುಟಗಟ್ಟಲೆ ಒಂದೇ ಮಾತು: ಸೆಕ್ಯೂರಿಟಿ ಅಲರ್ಟ್, ಹೋಸ್ಟ್ ಹೆಡರ್ ಫೋರ್ಜರಿ. ನಮ್ಮ ಮೆಷಿನ್‌ಗಳು ಹೆಸರನ್ನು ನಕಲಿ ಮಾಡುತ್ತಿವೆ ಎಂಬ ಅನುಮಾನ ಅದಕ್ಕೆ.

ಮತ್ತೆ ಬಸ್ಸಿಗೆ ಬನ್ನಿ. ನಡುದಾರಿಯಲ್ಲಿ ಹಿಡಿದ ಪಾರ್ಸೆಲ್ ಮೇಲೆ ಅಂಗಡಿಯ ಹೆಸರು ಉಂಟು, ಅದು ಯಾವ ಊರಿಗೆ ಹೊರಟಿತ್ತು ಎಂದೂ ಗೊತ್ತು. ಕಂಡಕ್ಟರ್ ತನ್ನ ಪಟ್ಟಿ ತೆಗೆದು ನೋಡುತ್ತಾನೆ: ಈ ಹೆಸರಿನ ಅಂಗಡಿ ಆ ಊರಿನಲ್ಲಿ ಉಂಟಾ? ಇಲ್ಲ ಎಂದಾದರೆ ಪಾರ್ಸೆಲ್ ಅನ್ನು ಅದು ಹೋಗಬೇಕಿದ್ದ ಊರಿಗೇ ಮುಟ್ಟಿಸುತ್ತಾನೆ, ಆದರೆ ಅದರ ಬಗ್ಗೆ ತನ್ನ ಪುಸ್ತಕದಲ್ಲಿ ಏನೂ ಬರೆದುಕೊಳ್ಳುವುದಿಲ್ಲ. ಸ್ಕ್ವಿಡ್ ಮಾಡುವುದೂ ಅದನ್ನೇ. ಹೋಸ್ಟ್ ಸಾಲಿನ ಹೆಸರನ್ನು ತಾನೇ ಡಿಎನ್ಎಸ್‌ನಲ್ಲಿ (ಸೈಟ್ ಹೆಸರಿಗೆ ಐಪಿ ಹೇಳುವ ಸೇವೆ) ಕೇಳುತ್ತದೆ. ಬಂದ ಐಪಿಗಳಲ್ಲಿ ಮೆಷಿನ್ ಹೊರಟಿದ್ದ ಐಪಿ ಇಲ್ಲದಿದ್ದರೆ ಕೋರಿಕೆಯನ್ನು ಮುಂದೆ ಬಿಡುತ್ತದೆ, ಉತ್ತರವನ್ನು ಕ್ಯಾಶ್‌ಗೆ ಹಾಕುವುದಿಲ್ಲ. ಪುಟ ತೆರೆಯುತ್ತದೆ, ಹಿಟ್ ಬರುವುದಿಲ್ಲ. ನನಗೆ ಆಗುತ್ತಿದ್ದದ್ದು ಇದೇ.

ಇದು ಸುಮ್ನೆ ಹಟ ಅಲ್ಲ. ಕೆಟ್ಟ ಪ್ರೋಗ್ರಾಂ ಒಂದು ತನ್ನ ಸರ್ವರ್‌ಗೆ ಹೋಗಿ, ಹೋಸ್ಟ್ ಸಾಲಿನಲ್ಲಿ ಬೇರೆಯವರ ಹೆಸರು ಬರೆದರೆ? ಆ ಸುಳ್ಳು ಉತ್ತರ ಕ್ಯಾಶ್‌ನಲ್ಲಿ ಕೂತು ಉಳಿದ ಎಲ್ಲರಿಗೂ ಹೋಗುತ್ತದೆ. ಅದನ್ನು ತಡೆಯಲು ಈ ಪರೀಕ್ಷೆ. 3.2ನೇ ಆವೃತ್ತಿಯಿಂದ ಇದು ಬಂದಿದೆ.

ಹಾಗಾದರೆ ನಮ್ಮಲ್ಲಿ ಐಪಿ ಯಾಕೆ ಹೊಂದಲಿಲ್ಲ? ಹಿಂದೆ ಯಾವಾಗಲೋ ನೆಟ್ ಸ್ಲೋ ಆದಾಗ ಎಲ್ಲ ಮೆಷಿನ್‌ಗೂ ಕೈಯಿಂದ 8.8.8.8 ಡಿಎನ್ಎಸ್ ಹಾಕಿದ್ದೆವು. ಸ್ಕ್ವಿಡ್ ಕೇಳುತ್ತಿದ್ದದ್ದು ಲೈನ್ ಕೊಟ್ಟವರ ಡಿಎನ್ಎಸ್. ದೊಡ್ಡ ಸೈಟುಗಳಿಗೆ ಒಂದೇ ಹೆಸರಿಗೆ ಹಲವು ಐಪಿ ಇರುತ್ತವೆ. ಬೇರೆ ಡಿಎನ್ಎಸ್ ಕೇಳಿದರೆ ಬೇರೆ ಗುಂಪು ಸಿಗಬಹುದು.

ಪರಿಹಾರ: ಎಲ್ಲರೂ ಒಂದೇ ಬಾಯಿ ಕೇಳಬೇಕು. ಮೆಷಿನ್‌ಗಳಲ್ಲಿ ಕೈಯಿಂದ ಹಾಕಿದ ಡಿಎನ್ಎಸ್ ತೆಗೆದು ಡಿಎಚ್‌ಸಿಪಿ (ಮೆಷಿನ್‌ಗಳಿಗೆ ನೆಟ್ ಸೆಟ್ಟಿಂಗ್ ತಾನಾಗಿ ಹಂಚುವ ಸೇವೆ) ಕೊಡುವ ರೂಟರ್ ವಿಳಾಸ ಇಟ್ಟೆ. ಸ್ಕ್ವಿಡ್‌ನ ಡಿಎನ್ಎಸ್ ನೇಮ್‌ಸರ್ವರ್ಸ್ ಸಾಲಿನಲ್ಲಿ 127.0.0.1, ಅಂದರೆ ಈ ರೂಟರನ್ನೇ ಕೇಳು ಎಂದು, ಬರೆದೆ. ಈಗ ಮೆಷಿನ್, ಸ್ಕ್ವಿಡ್ ಇಬ್ಬರೂ ರೂಟರ್‌ನ ಡಿಎನ್ಎಸ್ ಪ್ರೋಗ್ರಾಂ ಡಿಎನ್ಎಸ್‌ಮಾಸ್ಕ್ ಅನ್ನೇ ಕೇಳುತ್ತಾರೆ. ಅದು ಉತ್ತರವನ್ನು ಸ್ವಲ್ಪ ಹೊತ್ತು ನೆನಪಿಡುವುದರಿಂದ ಇಬ್ಬರಿಗೂ ಅದೇ ಪಟ್ಟಿ ಸಿಗುತ್ತದೆ. ಅಲರ್ಟ್ ಪೂರ್ತಿ ನಿಲ್ಲಲಿಲ್ಲ, ಅಪರೂಪಕ್ಕೆ ಒಂದೊಂದು ಬರುತ್ತದೆ. ಆದರೆ ಅದೇ ಸಂಜೆ ಮೊದಲ ಟಿಸಿಪಿ ಹಿಟ್ ಕಂಡೆ. ಮಾವನನ್ನು ಕರೆದು ತೋರಿಸಿದೆ.

ಇದೆಲ್ಲ ಆದ ಮೇಲೆ ಹೊಳೆದದ್ದು: ನೇರ ದಾರಿಯಲ್ಲಿ ಈ ಪರೀಕ್ಷೆಗೆ ಜಾಗವೇ ಇಲ್ಲ. ಅಲ್ಲಿ ಮೆಷಿನ್ ಯಾವ ಐಪಿಗೂ ಹೊರಟಿರುವುದಿಲ್ಲ, ಹೆಸರು ಮಾತ್ರ ಕೊಡುತ್ತದೆ. ಹಾಗಾಗಿ ನಮ್ಮದೇ 10 ಮೆಷಿನ್‌ಗಳ ಆಪ್ಟ್ ಸೆಟ್ಟಿಂಗ್‌ನಲ್ಲಿ ಒಂದು ಸಾಲು ಹಾಕಿ 3128 ಕೊಟ್ಟುಬಿಟ್ಟೆ. ಇಂಟರ್‌ಸೆಪ್ಟ್ ಈಗ ಇರುವುದು ಮಕ್ಕಳು ಮನೆಯಿಂದ ತರುವ ಲ್ಯಾಪ್‌ಟಾಪ್‌ಗೆ ಮಾತ್ರ. ಹೊಸದಾಗಿ ಶುರುಮಾಡುವವರು ನೇರ ದಾರಿಯಿಂದಲೇ ಶುರುಮಾಡಿ ಎನ್ನುತ್ತೇನೆ.

ಎಷ್ಟು ದಿನ ಇಡಬೇಕು

ಉಬುಂಟು ಪ್ಯಾಕೇಜ್ ಬರುವ ಡೆಬ್ ಫೈಲಿನ ಹೆಸರಿನಲ್ಲೇ ಆವೃತ್ತಿ ಇರುತ್ತದೆ. ಅದೇ ಹೆಸರಿನ ಫೈಲ್ ಬದಲಾಗುವುದಿಲ್ಲ. ಆದ್ದರಿಂದ ರಿಫ್ರೆಶ್ ಪ್ಯಾಟರ್ನ್‌ನಲ್ಲಿ ಡೆಬ್‌ಗೆ 129600 ಕೊಟ್ಟೆ. ಅದು ನಿಮಿಷದ ಲೆಕ್ಕ, 90 ದಿನ ಆಗುತ್ತದೆ. ಪಟ್ಟಿ ಫೈಲುಗಳಿಗೆ 0, ಪ್ರತಿ ಸಲವೂ ಸರ್ವರ್ ಕೇಳಲಿ. ಹಳೇ ಪಟ್ಟಿ ಮತ್ತು ಹೊಸ ಪಟ್ಟಿ ಬೆರೆತರೆ ಆಪ್ಟ್ ಹ್ಯಾಶ್ ಹೊಂದುತ್ತಿಲ್ಲ ಎಂದು ನಿಂತುಬಿಡುತ್ತದೆ.

ನೋಡುತ್ತಾ ಇರುವುದು

ಆಕ್ಸೆಸ್ ಲಾಗ್‌ನ ಪ್ರತಿ ಸಾಲಿನಲ್ಲಿ ನಾನು ನೋಡುವುದು ಮೂರು: ಯಾವ ಮೆಷಿನ್, ಫಲಿತಾಂಶ ಏನು, ಎಷ್ಟು ಬೈಟ್. ಫಲಿತಾಂಶದಲ್ಲಿ ಹಿಟ್ ಅಂದರೆ ಡಿಸ್ಕಿನಿಂದ, ಮೆಮ್ ಹಿಟ್ ಅಂದರೆ ರ‍್ಯಾಮ್‌ನಿಂದ. ರಿಫ್ರೆಶ್ ಅನ್‌ಮಾಡಿಫೈಡ್ ಅಂದರೆ ಸರ್ವರ್ ಅನ್ನು ಕೇಳಿದೆ, ಬದಲಾಗಿಲ್ಲ ಎಂದಿತು, ಇದ್ದದ್ದನ್ನೇ ಕೊಟ್ಟೆ.

ಕ್ಯಾಶ್ ಮ್ಯಾನೇಜರ್‌ನ ಇನ್ಫೋ ಪುಟದಲ್ಲಿ ಕಳೆದ 5 ನಿಮಿಷ ಮತ್ತು 60 ನಿಮಿಷದ ಶೇಕಡಾ ಲೆಕ್ಕ ಸಿಗುತ್ತದೆ. ಅಲ್ಲಿ ಎರಡು ಸಾಲು ಉಂಟು: ಕೋರಿಕೆಗಳಲ್ಲಿ ಎಷ್ಟು ಹಿಟ್, ಬೈಟ್‌ಗಳಲ್ಲಿ ಎಷ್ಟು ಹಿಟ್. ಮೊದಲನೆಯದು ಕಡಿಮೆ ಎಂದು ಬೇಸರ ಬೇಡ. ನೂರು ಸಣ್ಣ ಮಿಸ್‌ಗಳ ನಡುವೆ 60 ಎಂಬಿಯ ಒಂದು ಹಿಟ್ ಬಂದರೂ ಲೈನ್ ಉಳಿಯಿತಲ್ವಾ? ನಮಗೆ ಬೇಕಾದದ್ದು ಬೈಟ್ ಲೆಕ್ಕ.

ಅಪ್‌ಡೇಟ್ ದಿನ 10 ಮೆಷಿನ್ ಒಟ್ಟಿಗೆ ಶುರುಮಾಡಬೇಡಿ. ಒಂದು ಫೈಲಿಗೆ ಸರ್ವರ್‌ನ ಉತ್ತರ ಬರಲು ಶುರುವಾಗುವ ಮೊದಲೇ ಎರಡನೆಯವರು ಅದನ್ನೇ ಕೇಳಿದರೆ ಸ್ಕ್ವಿಡ್ ಇನ್ನೊಮ್ಮೆ ಹೊರಗೆ ಹೋಗುತ್ತದೆ. ಕೊಲ್ಯಾಪ್ಸ್ಡ್ ಫಾರ್ವರ್ಡಿಂಗ್ ಎಂಬ ಆಯ್ಕೆ ಇದನ್ನು ಒಂದುಗೂಡಿಸುತ್ತದೆ, ಆದರೆ ಮೊದಲಿಗೆ ಅದು ಆಫ್ ಆಗಿರುತ್ತದೆ. ನಾನು ಅದನ್ನು ಆನ್ ಮಾಡಲಿಲ್ಲ. ಒಂದನೇ ಮೆಷಿನ್‌ಗೆ ಅಪ್‌ಡೇಟ್ ಹಾಕಿ ಮುಗಿಸುತ್ತೇನೆ, ಒಂದು ಚಾ ಕುಡಿದು ಬಂದು ಉಳಿದ 9ಕ್ಕೆ ಒಟ್ಟಿಗೆ ಹಾಕುತ್ತೇನೆ. 3000 ಎಂಬಿಯಲ್ಲಿ 2700 ಒಳಗಿನಿಂದಲೇ ಹೋಗುತ್ತದೆ.

ಲಾಗ್ ಇಡುವ ಜಾಗವನ್ನೂ ಎಸ್‌ಎಸ್‌ಡಿಗೆ ಬದಲಾಯಿಸಿ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಲಾಗ್ ಕೂರುವ ವಾರ್ ಫೋಲ್ಡರ್ ಇರುವುದು ರ‍್ಯಾಮ್‌ನಲ್ಲಿ. ಲಾಗ್ ಬೆಳೆದಷ್ಟೂ ರೂಟರ್ ಉಸಿರುಗಟ್ಟುತ್ತದೆ. ವಾರಕ್ಕೊಮ್ಮೆ ರೊಟೇಟ್ ಮಾಡುವಂತೆ ಕ್ರಾನ್‌ನಲ್ಲಿ ಹಾಕಿದ್ದೇನೆ. ಎಚ್‌ಟಿಟಿಪಿ ಸೈಟುಗಳ ವಿಳಾಸ ಲಾಗ್‌ನಲ್ಲಿ ಉಳಿಯುತ್ತದೆ ಎಂದು ಕ್ಲಾಸಿನ ಮಕ್ಕಳಿಗೂ ಹೇಳಿದ್ದೇವೆ.

ಇನ್ನು ಮಳೆಗಾಲ. ಜೂನ್ ಬಂತೆಂದರೆ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಾಗದು. ಸ್ಕ್ವಿಡ್ ಸರಿಯಾಗಿ ಮುಚ್ಚದೆ ಕರೆಂಟ್ ಹೋದರೆ, ಮತ್ತೆ ಎದ್ದಾಗ ಕ್ಯಾಶ್‌ನ ಸೂಚಿಯನ್ನು ಮೊದಲಿನಿಂದ ಕಟ್ಟುತ್ತದೆ. ಕ್ಯಾಶ್ ಲಾಗ್‌ನಲ್ಲಿ ರೀಬಿಲ್ಡಿಂಗ್, ಡರ್ಟಿ ಎಂದು ಬರುತ್ತದೆ. ಅದು ಕೆಟ್ಟುಹೋದದ್ದಲ್ಲ. ಅದು ಮುಗಿಯುವ ತನಕ ಹಿಟ್ ಕಡಿಮೆ ಇರುತ್ತದೆ, ಆಗ ಸೆಟ್ಟಿಂಗ್ ಮುಟ್ಟಲು ಹೋಗಬೇಡಿ. ಮಾವ ರೂಟರ್‌ಗೂ ಎಸ್‌ಎಸ್‌ಡಿಗೂ ಸೇರಿ ಒಂದು ಸಣ್ಣ ಯುಪಿಎಸ್ ತರುತ್ತೇನೆ ಎಂದಿದ್ದಾರೆ.