ಬ್ಯಾರಕ್‌ಗೆ ಬೀಗ ಬಿದ್ದ ಮೇಲೆ: ಮಹಿಳಾ ಬಂದಿಗಳಿಗೆ ಮಾನಸಿಕ ತುರ್ತು ಚಿಕಿತ್ಸೆ

ದಾವಣಗೆರೆ, ಚಿತ್ರದುರ್ಗಗಳಲ್ಲಿ ಸಮಾಜಕಾರ್ಯ, ಕಾನೂನು ಅಥವಾ ನರ್ಸಿಂಗ್ ಓದುತ್ತಿರುವ ಸಹಪಾಠಿಗಳಿಗಾಗಿ ಈ ಟಿಪ್ಪಣಿಯನ್ನು ಸಿದ್ಧಪಡಿಸಿದ್ದೇನೆ. ಮಹಿಳಾ ಬಂದಿಗಳಿಗೆ ಮಾನಸಿಕ ಚಿಕಿತ್ಸೆ ಪಡೆಯುವ ಹಕ್ಕಿದೆ ಎಂಬುದರ ಬಗ್ಗೆ ಯಾರಿಗೂ ತಕರಾರಿಲ್ಲ; 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಆ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಸಂಜೆ ಎಣಿಕೆ ಮುಗಿದು ಬ್ಯಾರಕ್‌ಗೆ ಬೀಗ ಬಿದ್ದ ಮೇಲೆ ಬೆಳಗಾಗುವವರೆಗೆ ಆ ಹಕ್ಕು ಯಾರ ಕೈಯಲ್ಲಿರುತ್ತದೆ ಎಂಬಲ್ಲಿ ತೊಡಕಿದೆ. ಹಾಗಾಗಿ ಕಾಯ್ದೆಯನ್ನು ಕಲಂಗಳ ಅನುಕ್ರಮದಲ್ಲಿ ಓದದೆ, ಒಂದು ರಾತ್ರಿಯ ಅನುಕ್ರಮದಲ್ಲಿ ಓದೋಣ.

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಚಳ್ಳಕೆರೆ ಕಡೆಯ ಹಳ್ಳಿಯೊಂದರ ಬಾಣಂತಿ ವಿಚಾರಣಾಧೀನ ಬಂದಿಯಾಗಿ ಎರಡು ತಿಂಗಳ ಕೂಸಿನೊಂದಿಗೆ ಚಿತ್ರದುರ್ಗದ ಜಿಲ್ಲಾ ಕಾರಾಗೃಹಕ್ಕೆ ಬಂದಿದ್ದಾಳೆ. ಮೂರು ದಿನದಿಂದ ನಿದ್ದೆಯಿಲ್ಲ, ಅನ್ನ ಸೇರುತ್ತಿಲ್ಲ. ಕೂಸಿಗೆ ಹಾಲೂಡಿಸು ಎಂದರೆ "ಇದು ನನ್ನ ಕೂಸಲ್ಲ, ಯಾರೋ ಬದಲಿಸ್ಯಾರೆ" ಎನ್ನುತ್ತಾಳೆ. ರಾತ್ರಿ ಹತ್ತರ ಸುಮಾರಿಗೆ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗುತ್ತಾಳೆ. ಜೊತೆಯ ಹೆಂಗಸರು ಮೈಮೇಲೆ ಬಂದಿದೆ ಎಂದುಕೊಳ್ಳುತ್ತಾರೆ. ಪಾಳಿಯಲ್ಲಿರುವ ವೀಕ್ಷಕಿಗೆ (ಮಹಿಳಾ ವಾರ್ಡರ್) ಇದು ಜಾಮೀನಿಗಾಗಿ ಹೂಡಿದ ನಾಟಕದಂತೆ ಕಾಣಬಹುದು. ವೈದ್ಯಶಾಸ್ತ್ರದ ಕಣ್ಣಿಗೆ ಇವು ಹೆರಿಗೆಯ ನಂತರ ಬರುವ ಮನೋವಿಕಲತೆಯ ಲಕ್ಷಣಗಳಾಗಿರಬಹುದು. ಅದು ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯವಿರುವ ಸ್ಥಿತಿ, ಬೆಳಗಿನವರೆಗೆ ಕಾಯುವಂಥದ್ದಲ್ಲ.

ಇಲ್ಲಿ ಮೊದಲ ನಿರ್ಣಯ ವೀಕ್ಷಕಿಯದು, ಮನೋವೈದ್ಯರದಲ್ಲ. 1894ರ ಕಾರಾಗೃಹ ಕಾಯ್ದೆಯ 37ನೇ ಕಲಮೇ ದೇಹ ಅಥವಾ ಮನಸ್ಸಿನ ಆರೋಗ್ಯ ಕೆಟ್ಟಂತೆ ಕಾಣುವ ಬಂದಿಯ ಹೆಸರನ್ನು ತಡಮಾಡದೆ ಜೈಲರ್‌ಗೆ ತಿಳಿಸಬೇಕೆಂದು ಹೇಳಿತ್ತು. 'ಕಾಣುವ' ಎಂದರೆ ಸಾಕು. ರೋಗ ಯಾವುದೆಂದು ವೀಕ್ಷಕಿ ನಿರ್ಧರಿಸಬೇಕಾಗಿಲ್ಲ, ನಾಟಕವೋ ನಿಜವೋ ಎಂದು ತೀರ್ಮಾನಿಸುವ ಹೊಣೆಯೂ ಆಕೆಯದಲ್ಲ. ನೂರಿಪ್ಪತ್ತು ವರ್ಷಕ್ಕೂ ಹಳೆಯ ಈ ಮಾತು ಇಂದಿನ ಎಷ್ಟೋ ತರಬೇತಿ ಕೈಪಿಡಿಗಳಿಗಿಂತ ಸ್ಪಷ್ಟವಾಗಿದೆ ಎಂದು ನನಗನ್ನಿಸುತ್ತದೆ. ಮಹಿಳಾ ಬಂದಿಗಳ ಕುರಿತ ವಿಶ್ವಸಂಸ್ಥೆಯ 2010ರ ಬ್ಯಾಂಕಾಕ್ ನಿಯಮಗಳಲ್ಲಿ 13ನೆಯದು, ಮಹಿಳೆಯರು ವಿಶೇಷವಾಗಿ ಕುಗ್ಗುವ ಸಮಯಗಳನ್ನು ಸಿಬ್ಬಂದಿ ಅರಿತಿರಬೇಕೆನ್ನುತ್ತದೆ. ಬಂದ ಮೊದಲ ದಿನಗಳು, ನ್ಯಾಯಾಲಯದಿಂದ ಮರಳಿದ ಸಂಜೆ, ಮಗುವನ್ನು ಮನೆಯವರ ಕೈಗೆ ಒಪ್ಪಿಸಿದ ದಿನ, ಸಂದರ್ಶನಕ್ಕೆ ಯಾರೂ ಬಾರದ ವಾರಗಳು ಇಂಥ ಸಮಯಗಳೆಂದು ಯಾರಾದರೂ ಊಹಿಸಬಹುದು. ದಾಖಲಾತಿಯ ಹೊತ್ತಿನಲ್ಲೇ ಆತ್ಮಹತ್ಯೆಯ ಅಪಾಯವನ್ನೂ ಹಿಂದಿನ ಆಘಾತಗಳನ್ನೂ ಕೇಳಿ ತಿಳಿಯಬೇಕೆಂಬುದು 6ನೇ ನಿಯಮ. ಆಗ ಕೇಳಬೇಕಾದ ಇನ್ನೊಂದು ಸರಳ ಪ್ರಶ್ನೆಯೆಂದರೆ, ಈ ಮೊದಲು ಮಾತ್ರೆ ತೆಗೆದುಕೊಳ್ಳುತ್ತಿದ್ದಳೇ, ಅದು ಎಂದಿನಿಂದ ನಿಂತಿದೆ ಎಂಬುದು. ಬಂಧನದ ಗಡಿಬಿಡಿಯಲ್ಲಿ ಮಾತ್ರೆಯ ಚೀಟಿ ಮನೆಯಲ್ಲೇ ಉಳಿದು, ಒಂದೆರಡು ವಾರದಲ್ಲಿ ಕಾಯಿಲೆ ಮರುಕಳಿಸುವುದುಂಟು.

ಎರಡನೇ ಹಂತವೇ ಈ ಟಿಪ್ಪಣಿಯ ಮುಖ್ಯ ಭಾಗ. ವಿದ್ಯಾರ್ಥಿಗಳು ಹೆಚ್ಚಾಗಿ ಗೊಂದಲಕ್ಕೊಳಗಾಗುವುದೂ ಇಲ್ಲಿಯೇ. ಬಂದಿಗಳ ವಿಷಯ ಬಂದ ಕೂಡಲೇ ಎಲ್ಲರೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಕಲಂಗೆ ಹೋಗುತ್ತಾರೆ. ಕಾರಾಗೃಹದ ವೈದ್ಯಕೀಯ ವಿಭಾಗದಲ್ಲಿ ಮನೋರೋಗ ವಾರ್ಡ್ ಇಲ್ಲದಿದ್ದರೆ, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಪೂರ್ವಾನುಮತಿ ಪಡೆದು ಬಂದಿಯನ್ನು ಹೊರಗಿನ ಸಂಸ್ಥೆಗೆ ವರ್ಗಾಯಿಸಬಹುದು ಎಂದು ಅದು ಹೇಳುತ್ತದೆ. ಇದನ್ನಷ್ಟೇ ಓದಿದವರು, ಅನುಮತಿ ಬರುವವರೆಗೆ ಏನೂ ಮಾಡುವಂತಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾರೆ. ಆ ತೀರ್ಮಾನ ತಪ್ಪು. 94ನೇ ಕಲಂ 'ಈ ಕಾಯ್ದೆಯಲ್ಲಿ ಏನೇ ಇದ್ದರೂ' ಎಂಬರ್ಥದ ಮಾತಿನಿಂದಲೇ ಆರಂಭವಾಗುತ್ತದೆ. ಸಾವನ್ನೋ ಸರಿಪಡಿಸಲಾಗದ ಹಾನಿಯನ್ನೋ ತಪ್ಪಿಸಲು, ಅಥವಾ ವ್ಯಕ್ತಿ ತನಗೆ ಇಲ್ಲವೇ ಇತರರಿಗೆ ಗಂಭೀರ ಹಾನಿ ಮಾಡಿಕೊಳ್ಳುವುದನ್ನು ತಡೆಯಲು ತಕ್ಷಣ ಅಗತ್ಯವಿದ್ದಾಗ, ನೋಂದಾಯಿತ ವೈದ್ಯರು ಯಾರೇ ಆಗಲಿ ಚಿಕಿತ್ಸೆ ಆರಂಭಿಸಬಹುದು. ಮನೋವೈದ್ಯರೇ ಬೇಕೆಂದಿಲ್ಲ. ಹತ್ತಿರದ ಮಾನಸಿಕ ಆರೋಗ್ಯ ಸಂಸ್ಥೆಗೆ ಕರೆದೊಯ್ಯುವುದೂ ಈ ಚಿಕಿತ್ಸೆಯ ಭಾಗವೇ. ನಾಮನಿರ್ದೇಶಿತ ಪ್ರತಿನಿಧಿಯ, ಅಂದರೆ ರೋಗಿಯ ಪರವಾಗಿ ನಿರ್ಧರಿಸಲು ನೇಮಕಗೊಂಡವರ, ಒಪ್ಪಿಗೆ ಬೇಕು, ಆದರೆ ಅವರು ಲಭ್ಯವಿದ್ದರೆ ಮಾತ್ರ. ತವರೂ ಅತ್ತೆಮನೆಯೂ ಕೈಬಿಟ್ಟ ಹೆಣ್ಣುಮಕ್ಕಳ ಪಾಲಿಗೆ ಈ ಒಂದು ಷರತ್ತು ಜೀವದಾಯಿ. ಮಿತಿಗಳೂ ಇವೆ: ಈ ತುರ್ತು ಚಿಕಿತ್ಸೆ 72 ಗಂಟೆಗಳವರೆಗೆ ಅಥವಾ ಸಂಸ್ಥೆಯೊಂದರಲ್ಲಿ ತಪಾಸಣೆಯಾಗುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ, ವಿದ್ಯುತ್ ಕಂಪನ ಚಿಕಿತ್ಸೆಯನ್ನು ತುರ್ತಿನ ಹೆಸರಿನಲ್ಲಿ ಕೊಡುವಂತಿಲ್ಲ.

ಅಂದರೆ ನಮ್ಮ ಬಾಣಂತಿಯನ್ನು ಆ ರಾತ್ರಿಯೇ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಒಯ್ಯಲು ಕಾನೂನಿನ ಅಡ್ಡಿಯಿಲ್ಲ. ಅಡ್ಡಿಯಾಗುವುದು ಬೆಂಗಾವಲು. ಬಂದಿಯನ್ನು ಹೊರಗೆ ಕರೆದೊಯ್ಯಲು ಜಿಲ್ಲಾ ಸಶಸ್ತ್ರ ಮೀಸಲು ಪಡೆಯಿಂದ ಪೊಲೀಸರು ಬರಬೇಕು. ಮಹಿಳೆಯಾದ್ದರಿಂದ ಮಹಿಳಾ ಸಿಬ್ಬಂದಿಯೂ ಇರಬೇಕು. ಈ ನಿಯಮ ಆಕೆಯ ರಕ್ಷಣೆಗಾಗಿಯೇ ಇದೆ, ನಡುರಾತ್ರಿಯಲ್ಲಿ ಅದೇ ಆಕೆಯನ್ನು ಕಾಯಿಸುತ್ತದೆ. 2022ರ ರಾಷ್ಟ್ರೀಯ ಅಂಕಿಅಂಶಗಳ ಪ್ರಕಾರ ದೇಶದ ಬಂದಿಗಳಲ್ಲಿ ಮಹಿಳೆಯರು ಶೇ. 4ರಷ್ಟು. ಸಂಖ್ಯೆ ಚಿಕ್ಕದಿದ್ದಲ್ಲಿ ವಿಭಾಗವೂ ಚಿಕ್ಕದು, ಸಿಬ್ಬಂದಿಯೂ ಕಡಿಮೆ, ರಾತ್ರಿ ಪಾಳಿಯಂತೂ ಇನ್ನೂ ತೆಳು. ಬೆಂಗಾವಲು ಬರುವವರೆಗೆ ವೈದ್ಯರನ್ನೇ ಕಾರಾಗೃಹಕ್ಕೆ ಕರೆಸುವುದು ಒಂದು ದಾರಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಅಧಿಕಾರಿಯೇ ಕರೆ ಮಾಡಿ ಕನ್ನಡದಲ್ಲಿ ಸಲಹೆ ಪಡೆಯುವುದು ಇನ್ನೊಂದು. ಬಂದಿಯ ಕೈಯಲ್ಲಿ ಫೋನ್ ಇಲ್ಲದಿರುವಾಗ, ಇಂಥ ಸಂಖ್ಯೆಯನ್ನು ಬ್ಯಾರಕ್ ಗೋಡೆಗೆ ಅಂಟಿಸಿದರೆ ಸಾಲದು. ಅದು ಪಾಳಿ ಪುಸ್ತಕದಲ್ಲಿರಬೇಕು. ಉನ್ನತ ಚಿಕಿತ್ಸೆ ಬೇಕಾದರೆ ಚಿತ್ರದುರ್ಗದಿಂದ ಬೆಂಗಳೂರಿನ ನಿಮ್ಹಾನ್ಸ್ ಸುಮಾರು 200 ಕಿ.ಮೀ., ದಾವಣಗೆರೆಯಿಂದ ಇನ್ನೂ 60 ಕಿ.ಮೀ. ಹೆಚ್ಚು, ಅದೇ ಹೆದ್ದಾರಿಯಲ್ಲಿ ಎದುರು ದಿಕ್ಕಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಮೊದಲ ಗಂಟೆಗಳು ಊರಿನಲ್ಲೇ ನಿಭಾಯಿಸಬೇಕಾದವು.

ಪ್ರತ್ಯೇಕ ಕೋಣೆಯಲ್ಲಿ ಒಬ್ಬಳನ್ನೇ ಕೂಡಿಹಾಕುವುದು ಸುಲಭದ ಉಪಾಯವಾಗಿ ಕಂಡರೂ ಅದೇ ಅತ್ಯಂತ ಅಪಾಯಕಾರಿ. 97ನೇ ಕಲಂ ಚಿಕಿತ್ಸೆಯ ಸ್ಥಳದಲ್ಲಿ ಏಕಾಂತ ಬಂಧನವನ್ನು ಪೂರ್ತಿಯಾಗಿ ನಿಷೇಧಿಸಿದೆ. ಹಾಲೂಡಿಸುವ ತಾಯಂದಿರಿಗೆ ಅದನ್ನು ಶಿಕ್ಷೆಯಾಗಿ ವಿಧಿಸಬಾರದೆಂದು ಬ್ಯಾಂಕಾಕ್ ನಿಯಮಗಳು ಹೇಳುತ್ತವೆ.

ಕೂಸಿನ ವಿಷಯಕ್ಕೆ 21ನೇ ಕಲಂ ನೋಡಿ. ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಮಗುವಿಗೆ ಅಪಾಯವಿದೆಯೆಂದು ಮನೋವೈದ್ಯರು ಪರೀಕ್ಷಿಸಿ ಹೇಳಿದರೆ ತಾತ್ಕಾಲಿಕವಾಗಿ ಬೇರ್ಪಡಿಸಬಹುದು, ಆಗಲೂ ಮೇಲ್ವಿಚಾರಣೆಯಲ್ಲಿ ತಾಯಿ ಮಗುವನ್ನು ಕಾಣಬಹುದು, ಮತ್ತು 15 ದಿನಕ್ಕೊಮ್ಮೆ ಆ ನಿರ್ಧಾರದ ಮರುಪರಿಶೀಲನೆ ಆಗಬೇಕು. ನಮ್ಮ ಸನ್ನಿವೇಶದಲ್ಲಿ ಮೊದಲ ಕೆಲವು ದಿನ ಬೇರ್ಪಡಿಸುವುದೇ ಸರಿಯೆನಿಸಬಹುದು. ಮರುಪರಿಶೀಲನೆಯ ದಿನಾಂಕವನ್ನು ಯಾರಾದರೂ ಬರೆದಿಟ್ಟುಕೊಂಡಿದ್ದಾರೆಯೇ ಎಂದು ಕೇಳುವುದು ಕ್ಷೇತ್ರಕಾರ್ಯದ ವಿದ್ಯಾರ್ಥಿಯೂ ಮಾಡಬಹುದಾದ ಕೆಲಸ.

ಆತ್ಮಹತ್ಯೆ ಯತ್ನದ ಬಗ್ಗೆ ಎರಡು ಮಾತು. 115ನೇ ಕಲಂ ಪ್ರಕಾರ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಂ ಇಲ್ಲ. ಆದರೆ ಸರ್ಕಾರಿ ನೌಕರರನ್ನು ಕರ್ತವ್ಯದಿಂದ ತಡೆಯುವ ಅಥವಾ ಒತ್ತಾಯಿಸುವ ಉದ್ದೇಶದ ಯತ್ನ 226ನೇ ಕಲಂನಡಿ ಈಗಲೂ ಅಪರಾಧ. ಸುತ್ತಲೂ ಸರ್ಕಾರಿ ನೌಕರರೇ ಇರುವ ಕಾರಾಗೃಹದಲ್ಲಿ ಸಂಕಟವನ್ನು 'ಒತ್ತಡ ತಂತ್ರ' ಎಂದು ಬರೆದುಬಿಡುವುದು ಎಷ್ಟು ಸುಲಭವೆಂದು ಯೋಚಿಸಿ.

ದಾಖಲೆಗಳ ಬಗ್ಗೆಯೂ ನನಗೊಂದು ಅಸಮಾಧಾನವಿದೆ. 103ನೇ ಕಲಂ ಪ್ರಕಾರ ಕಾರಾಗೃಹದ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಮಂಡಳಿಗೆ ವರದಿ ಕಳುಹಿಸಬೇಕು. ವರದಿ ಪ್ರಮಾಣೀಕರಿಸಬೇಕಾದದ್ದು 'ಇಲ್ಲಿ ಮಾನಸಿಕ ಅಸ್ವಸ್ಥ ಬಂದಿಗಳಿಲ್ಲ' ಎಂಬುದನ್ನು. ಅಂಥವರನ್ನು ಒಳಗೇ ಇಟ್ಟುಕೊಳ್ಳಬಾರದೆಂಬ ಉದ್ದೇಶ ಒಳ್ಳೆಯದೇ. ಆದರೆ 'ಇಲ್ಲ' ಎಂಬುದೇ ನಮೂನೆಯ ಉತ್ತರವಾದಾಗ, 'ಇದ್ದಾರೆ' ಎಂದು ಬರೆಯಲು ವಿಶೇಷ ಧೈರ್ಯ ಬೇಕಾಗುತ್ತದೆ. 2011ರಲ್ಲಿ ಪ್ರಕಟವಾದ ನಿಮ್ಹಾನ್ಸ್ ಅಧ್ಯಯನ ಬೆಂಗಳೂರಿನ ಕೇಂದ್ರ ಕಾರಾಗೃಹದ 5,024 ಬಂದಿಗಳನ್ನು ಪರೀಕ್ಷಿಸಿ, ಮಾದಕ ವಸ್ತು ಬಳಕೆಯ ಸಮಸ್ಯೆಗಳನ್ನು ಬಿಟ್ಟರೂ ಶೇ. 27.6ರಷ್ಟು ಮಂದಿಯಲ್ಲಿ ಮಾನಸಿಕ ಕಾಯಿಲೆ ಗುರುತಿಸಿತು. ಆ ಪ್ರಮಾಣವನ್ನು ಚಿಕ್ಕ ಜಿಲ್ಲಾ ಕಾರಾಗೃಹದ ಮಹಿಳಾ ವಿಭಾಗಕ್ಕೆ ನೇರವಾಗಿ ಅನ್ವಯಿಸಲಾಗದು. ಆದರೂ ಸೊನ್ನೆಯನ್ನು ನಂಬುವುದು ಕಷ್ಟ.

ತುರ್ತು ತಣಿದ ಮೇಲೆ ಪ್ರಕರಣದತ್ತ ಹೊರಳಬೇಕು. ಆರೋಪಿ ತನ್ನ ಪ್ರತಿವಾದವನ್ನು ಮಾಡಿಕೊಳ್ಳಲಾಗದ ಸ್ಥಿತಿಯಲ್ಲಿದ್ದರೆ ಕ್ರಿಮಿನಲ್ ಪ್ರಕರಣಗಳ ವಿಚಾರಣಾ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367ನೇ ಕಲಂನಿಂದ ಆರಂಭವಾಗುವ ಅಧ್ಯಾಯ ಅನ್ವಯಿಸುತ್ತದೆ. ಉಚಿತ ವಕೀಲರಿಗಾಗಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ಸಹಾಯವಾಣಿ 15100. ಜಾಮೀನು ಆದೇಶ ತಲುಪಿ ಸಂಜೆ ಹೊತ್ತಿಗೆ ಬಿಡುಗಡೆಯಾಗುವವಳ ಕೈಗೆ ಕನಿಷ್ಠ ಕೆಲವು ದಿನಗಳ ಮಾತ್ರೆ, ಔಷಧಿಯ ಹೆಸರಿರುವ ಚೀಟಿಯ ಪ್ರತಿ, ಮತ್ತು ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್‌ನ ವಿವರ ಸೇರುವಂತೆ ಕಾರಾಗೃಹದ ವೈದ್ಯಾಧಿಕಾರಿಯೊಂದಿಗೆ ಮುಂಚಿತವಾಗಿಯೇ ಮಾತಾಡಿಕೊಂಡಿರಬೇಕು.